ಓಡಿದ ಹುಡುಗ ಫೋಟೋದಲ್ಲಿ ಎರಡು ಸಲ

"ರೆಪ್ಲಿಕಾ ಇದೆಯಲ್ಲ, ಬ್ಯಾಕಪ್ ಯಾಕೆ?" ಈ ಮಾತು ಕೇಳಿದಾಗಲೆಲ್ಲ ನನಗೆ ಗಾಬರಿಯಾಗುತ್ತದೆ. ರೆಪ್ಲಿಕಾ ಅಂದರೆ ಡೇಟಾಬೇಸ್‌ನ ಮುಖ್ಯ ಸರ್ವರ್‌ನಲ್ಲಿ ಆಗುವ ಬದಲಾವಣೆಗಳನ್ನೆಲ್ಲ ನಕಲು ಮಾಡಿಕೊಳ್ಳುತ್ತಲೇ ಇರುವ ಇನ್ನೊಂದು ಸರ್ವರ್. ಮುಖ್ಯ ಸರ್ವರ್‌ನಲ್ಲಿ ಯಾರೋ ಕೈತಪ್ಪಿ ಒಂದು ಟೇಬಲ್ ಅಳಿಸಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ರೆಪ್ಲಿಕಾದಲ್ಲೂ ಅದು ಮಾಯ. ಅಲ್ಲಿ ಆದದ್ದೆಲ್ಲ ಇಲ್ಲೂ ಆಗಬೇಕು ಅಂತಲೇ ಅಲ್ವಾ ಅದನ್ನು ಇಟ್ಟಿರುವುದು?

ಆದರೆ ಬ್ಯಾಕಪ್ ತೆಗೆಯುವುದಕ್ಕೆ ರೆಪ್ಲಿಕಾ ತುಂಬಾ ಒಳ್ಳೆಯ ಜಾಗ. ಬ್ಯಾಕಪ್ ಅಂದರೆ ಡೇಟಾವನ್ನೆಲ್ಲ ಒಂದೂ ಬಿಡದೆ ಓದುವ ಕೆಲಸ. ಆ ಹೊರೆ ಮುಖ್ಯ ಸರ್ವರ್ ಮೇಲೆ ಬಿದ್ದರೆ ಬಳಸುವವರು ಕಾಯಬೇಕಾಗುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ 2010ರ 9.0 ಆವೃತ್ತಿಯಿಂದ ರೆಪ್ಲಿಕಾವನ್ನು ಓದಲು ಬಳಸಬಹುದು. 2012ರ 9.2ರಿಂದ ಫೈಲ್‌ಗಳ ಪೂರ್ತಿ ಬ್ಯಾಕಪ್ಪನ್ನೂ ಅಲ್ಲಿಂದಲೇ ತೆಗೆಯಬಹುದು.

ನನಗೆ ತುಂಬಾ ಇಷ್ಟವಾದ ವಿಷಯ ಬೇರೆ ಇದೆ. ಹಿಂದೆ ದೊಡ್ಡ ಗುಂಪಿನ ಫೋಟೋಗೆ ನಿಧಾನವಾಗಿ ತಿರುಗುವ ಕ್ಯಾಮೆರಾ ಇಡುತ್ತಿದ್ದರು. ಎಡತುದಿಯಲ್ಲಿ ನಿಂತ ಹುಡುಗ ಹಿಂದಿನಿಂದ ಓಡಿ ಬಲತುದಿಗೆ ಬಂದರೆ ಫೋಟೋದಲ್ಲಿ ಎರಡು ಸಲ ಕಾಣುತ್ತಿದ್ದ! ಡೇಟಾ ಓದುವಾಗಲೂ ಈ ಅಪಾಯ ಇದೆ. ಒಂದು ಖಾತೆಯನ್ನು ಓದಿಯಾದ ಮೇಲೆ ಅದರ ಹಣ ಇನ್ನೊಂದು ಖಾತೆಗೆ ಹೋಯಿತು ಅನ್ನಿ. ಬ್ಯಾಕಪ್‌ನಲ್ಲಿ ಅದೇ ಹಣ ಎರಡು ಕಡೆ ಕಾಣುತ್ತದೆ.

ಇದಕ್ಕೆ ಉಪಾಯ: ಹಳೆಯದನ್ನು ಅಳಿಸಬೇಡ, ಹೊಸದನ್ನು ಪಕ್ಕದಲ್ಲಿ ಬರಿ. ಲೆಕ್ಕದ ಪುಸ್ತಕದಲ್ಲಿ ತಪ್ಪಾದ ಅಂಕಿಯ ಮೇಲೆ ಒಂದೇ ಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆಯುತ್ತೇವಲ್ಲ, ಹಾಗೆ. ಒಂದೇ ಡೇಟಾದ ಹಲವು ಆವೃತ್ತಿಗಳನ್ನು ಇಡುವ ಈ ಯೋಚನೆಯನ್ನು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ರೀಡ್ 1978ರಲ್ಲೇ ಅಮೆರಿಕದ ಎಂಐಟಿಯ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಬಿಡಿಸಿ ಹೇಳಿದ್ದರು. ಡಂಪ್ (ಡೇಟಾವನ್ನೆಲ್ಲ ಓದಿ ಬರೆದಿಡುವ ಬ್ಯಾಕಪ್) ಎಷ್ಟು ಹೊತ್ತು ನಡೆದರೂ ಅದು ಶುರುವಾದ ಕ್ಷಣದ ಆವೃತ್ತಿಯನ್ನೇ ನೋಡುತ್ತದೆ. ಹುಡುಗ ಎಷ್ಟೇ ಓಡಲಿ, ಕಾಣುವುದು ಒಂದೇ ಸಲ.

ತೊಂದರೆ ಬರುವುದು ಕಸ ಗುಡಿಸುವಾಗ, ಅಂದರೆ ಬೇಡವಾದ ಹಳೆಯ ಆವೃತ್ತಿಗಳನ್ನು ತೆಗೆಯುವಾಗ. ರೆಪ್ಲಿಕಾದಲ್ಲಿ ಯಾರು ಏನು ಓದುತ್ತಿದ್ದಾರೆ ಅನ್ನುವುದು ಮುಖ್ಯ ಸರ್ವರ್‌ಗೆ ಗೊತ್ತಿರುವುದಿಲ್ಲ. ಅದರ ವ್ಯಾಕ್ಯೂಮ್ (ಗುಡಿಸುವ ಕೆಲಸದ ಹೆಸರೇ ಅದು) ಹಳೆಯ ಸಾಲುಗಳನ್ನು ಗುಡಿಸಿಬಿಡುತ್ತದೆ. ಆ ಬದಲಾವಣೆ ರೆಪ್ಲಿಕಾಗೂ ಬರುತ್ತದೆ. ಡಂಪ್ ಇನ್ನೂ ಅದೇ ಸಾಲುಗಳನ್ನು ನೆಚ್ಚಿಕೊಂಡಿದ್ದರೆ? ಸೆಟ್ಟಿಂಗ್ ಬದಲಿಸದಿದ್ದರೆ ರೆಪ್ಲಿಕಾ ಹೆಚ್ಚೆಂದರೆ 30 ಸೆಕೆಂಡ್ ತಡೆದುಕೊಳ್ಳುತ್ತದೆ, ಆಮೇಲೆ ಡಂಪ್‌ನ ಆ ಕ್ವೆರಿಯನ್ನೇ, ಅಂದರೆ ಓದುವ ಕೋರಿಕೆಯನ್ನೇ, ರದ್ದು ಮಾಡುತ್ತದೆ. ಡಂಪ್ ಅರ್ಧಕ್ಕೇ ನಿಲ್ಲುತ್ತದೆ.

"ಇದನ್ನಿನ್ನೂ ಓದುತ್ತಿದ್ದೇನೆ, ಗುಡಿಸಬೇಡ" ಅಂತ ರೆಪ್ಲಿಕಾ ಹೇಳಿ ಕಳಿಸುವ ಸೆಟ್ಟಿಂಗ್ ಇದೆ. ಆದರೆ ಆಗ ಕಸ ಮುಖ್ಯ ಸರ್ವರ್‌ನಲ್ಲಿ ರಾಶಿ ಬೀಳುತ್ತದೆ. ನನ್ನ ಕೇಳಿದರೆ, ಬ್ಯಾಕಪ್‌ಗೆಂದೇ ಒಂದು ರೆಪ್ಲಿಕಾ ಇಡಿ. ಡಂಪ್ ಮುಗಿಯುವವರೆಗೆ ಅಲ್ಲಿ ಬದಲಾವಣೆಗಳ ಅನ್ವಯವನ್ನು ತಡೆಹಿಡಿಯಿರಿ. ಬದಲಾವಣೆಗಳು ಬಂದು ಸಾಲಾಗಿ ಕಾಯುತ್ತವೆ, ಏನೂ ಕಳೆಯುವುದಿಲ್ಲ.

ಡಂಪ್ ಶುರು ಮಾಡುವ ಮೊದಲು ರೆಪ್ಲಿಕಾ ಎಷ್ಟು ಹಿಂದೆ ಬಿದ್ದಿದೆ ಅಂತ ತಪ್ಪದೇ ನೋಡಿ. ಮೂರು ದಿನದ ಹಿಂದೆಯೇ ನಿಂತುಹೋದ ರೆಪ್ಲಿಕಾದಿಂದಲೂ ಡಂಪ್ ಸಲೀಸಾಗಿ ಬರುತ್ತದೆ, ಒಂದು ಎರರ್ ಕೂಡ ಇಲ್ಲದೆ.