ಕ್ಯಾರಲ್ ಬರೆದ ಆ 18 ಜನರ ಲೆಕ್ಕ

'ದಿ ವಾಕಿಂಗ್ ಡೆಡ್' ಅನ್ನುವ ಅಮೆರಿಕದ ಟಿವಿ ಸರಣಿ ಪೂರ್ತಿ ನೋಡಿದವರಿಗೆ ನಾನು ಆಪ್ತಸಮಾಲೋಚಕಿ ಅಂತ ಗೊತ್ತಾದರೆ ಸಾಕು, ಕ್ಯಾರಲ್ ಮಾತು ಬಂದೇ ಬರುತ್ತದೆ. ಅಷ್ಟು ಗಟ್ಟಿ ಹೆಂಗಸು ಆರನೇ ಸೀಸನ್‌ಗೆ ಬರುವಷ್ಟರಲ್ಲಿ ಕೊಲ್ಲೋಕೆ ಹಿಂದೆಮುಂದೆ ನೋಡಿದ್ದು ಯಾಕೆ, ಒಳ್ಳೆ ಪಾತ್ರವನ್ನು ಸುಮ್ನೆ ಹಾಳು ಮಾಡಿದ್ರು ಅಲ್ವಾ ಅಂತ ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಸತ್ತವರು ಎದ್ದು ಓಡಾಡುವ ಆ ಕಥೆಯಲ್ಲಿ ನಾನು ದಿನಾ ನೋಡುವ ಸಂಗತಿಗೆ ಅತಿ ಹತ್ತಿರ ಬಂದದ್ದು ಇದೇ ಭಾಗ.

ನೋಡದವರಿಗಾಗಿ ಸ್ವಲ್ಪ ಹಿಂದಿನ ಕಥೆ. 2010ರಲ್ಲಿ ಶುರುವಾದ ಈ ಸರಣಿಯಲ್ಲಿ ಕ್ಯಾರಲ್ ಪಾತ್ರ ಮಾಡಿದವರು ಮೆಲಿಸ್ಸಾ ಮ್ಯಾಕ್‌ಬ್ರೈಡ್. ಮೊದಲು ನೋಡಿದಾಗ ಅವಳು ಅಟ್ಲಾಂಟಾ ಹೊರಗಿನ ಒಂದು ಬಿಡಾರದಲ್ಲಿ ಗಂಡ ಎಡ್‌ನ ಹೊಡೆತ ತಿಂದುಕೊಂಡು ತಲೆ ತಗ್ಗಿಸಿ ಇರುವವಳು. ಎಡ್ ಸತ್ತಾಗ ಅವನು ಮತ್ತೆ ಏಳದ ಹಾಗೆ ತಲೆ ಒಡೆಯಬೇಕು. ಆ ಕೆಲಸ ನಾನೇ ಮಾಡ್ತೀನಿ ಅಂತ ಗುದ್ದಲಿ ತಗೊಂಡು ಅಳುತ್ತಾ ಹೊಡೆಯುತ್ತಾಳೆ. ಒಂದೇ ಏಟು ಸಾಕಿತ್ತು, ಅವಳು ನಿಲ್ಲಿಸುವುದಿಲ್ಲ. ಆಮೇಲೆ ಮಗಳು ಸೋಫಿಯಾ ಕಳೆದುಹೋಗುತ್ತಾಳೆ. ಎಲ್ಲರೂ ಹುಡುಕಿ ಹುಡುಕಿ ಸೋತ ಮೇಲೆ, ಅವರಿದ್ದ ತೋಟದ ಕೊಟ್ಟಿಗೆಯಿಂದಲೇ ಆ ಹುಡುಗಿ ನಡೆದಾಡುವ ಹೆಣವಾಗಿ ಹೊರಗೆ ಬರುತ್ತಾಳೆ. ಅಲ್ಲಿಂದ ಕ್ಯಾರಲ್ ಬೇರೆಯೇ ಆದಳು. ಗುಂಪು ಆಸರೆ ಪಡೆದಿದ್ದ ಜೈಲಿನಲ್ಲಿ ಜ್ವರ ಹರಡಬಾರದು ಅಂತ ಕಾಯಿಲೆ ಬಿದ್ದ ಇಬ್ಬರನ್ನು ಕೊಂದು ಸುಟ್ಟಳು. ಗುಂಪಿನ ನಾಯಕ ರಿಕ್ ಅದಕ್ಕಾಗಿ ಅವಳನ್ನು ಹೊರಗೆ ಹಾಕಿದ. 2014ರ ಮಾರ್ಚ್‌ನಲ್ಲಿ ಬಂದ ಎಪಿಸೋಡಿನಲ್ಲಂತೂ, ತಂಗಿಯನ್ನೇ ಕೊಂದ ಲಿಝಿ ಅನ್ನುವ ಹುಡುಗಿಯನ್ನು ಹೂಗಳ ಕಡೆ ನೋಡು ಅಂತ ಹೇಳಿ ಹಿಂದಿನಿಂದ ಗುಂಡು ಹೊಡೆಯುತ್ತಾಳೆ. ಅವಳೇ ಸಾಕುತ್ತಿದ್ದ ಮಗು ಅದು.

ಇಷ್ಟೆಲ್ಲ ಮಾಡುವಾಗ ಅವಳ ಕೈ ನಡುಗಲಿಲ್ಲ. ಆಮೇಲೆ ನಡುಗಿತು. ಜನರಿಗೆ ಅರ್ಥವಾಗದೇ ಇರುವುದು ಇದೇ.

ಅಪಾಯ ಎದುರಿಗೆ ಇದ್ದಾಗ ಮನಸ್ಸು ಲೆಕ್ಕ ಹಾಕುವುದಿಲ್ಲ. ಉಳಿಯಬೇಕು, ಜೊತೆಗಿರುವವರನ್ನು ಉಳಿಸಬೇಕು, ಅಷ್ಟೇ. ಲೆಕ್ಕ ಬರುವುದು ಬಾಗಿಲು ಹಾಕಿಕೊಂಡು ಕೂರುವ ಜಾಗ ಸಿಕ್ಕ ಮೇಲೆ. ಕ್ಯಾರಲ್‌ಗೆ ಆ ಜಾಗ, ಗುಂಪು ಆಮೇಲೆ ಸೇರಿಕೊಂಡ ಅಲೆಕ್ಸಾಂಡ್ರಿಯಾ ಅನ್ನುವ ಊರು. ಸುತ್ತ ಎತ್ತರದ ಗೋಡೆ, ಒಳಗೆ ಮನೆ, ಅಡುಗೆಮನೆ, ಒವನ್. 'ನಾಟ್ ಟುಮಾರೊ ಯೆಟ್' ಎಪಿಸೋಡಿನಲ್ಲಿ ಅವಳು ಬೀಟ್‌ರೂಟ್ ಮತ್ತು ಓಕ್ ಮರದ ಕಾಯಿ ಹಾಕಿ ಬಿಸ್ಕತ್ತು ಮಾಡಿ ಮನೆಮನೆಗೆ ಹಂಚುತ್ತಾಳೆ. ಅದೇ ಎಪಿಸೋಡಿನಲ್ಲಿ ಒಬ್ಬಳೇ ಕೂತು, ಇಲ್ಲಿಯವರೆಗೆ ಎಷ್ಟು ಜನರನ್ನು ಕೊಂದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದು ಕೂಡುತ್ತಾಳೆ. 18. ಬಿಸ್ಕತ್ತು ಹಂಚುವವಳು ಒಬ್ಬಳು, ಲೆಕ್ಕ ಬರೆಯುವವಳು ಇನ್ನೊಬ್ಬಳು ಅನ್ನಿಸಬಹುದು. ನನಗೆ ಹಾಗೆ ಕಾಣಲಿಲ್ಲ. ಬಿಸ್ಕತ್ತು ತಟ್ಟುವ ಕೈ ಖಾಲಿಯಾದ ತಕ್ಷಣ ಪೆನ್ನು ಹಿಡಿಯಿತು, ಅಷ್ಟೇ.

ಇದಕ್ಕೆ ನಮ್ಮ ಕೆಲಸದಲ್ಲಿ ಒಂದು ಹೆಸರಿದೆ, ಮಾರಲ್ ಇಂಜುರಿ. ನೈತಿಕ ಗಾಯ ಅಂತ ಹೇಳಬಹುದು. ಆಘಾತದ ನಂತರ ಬರುವ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, 1980ರಲ್ಲೇ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿತ್ತು. ಆದರೆ ವಿಯೆಟ್ನಾಂ ಯುದ್ಧದಿಂದ ಬಂದವರಿಗೆ ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ ಅವರಿಗೆ, ತಮ್ಮ ಮುಂದೆ ಕೂತವರ ನೋವು ಬರೀ ಭಯದ್ದಲ್ಲ ಅಂತ ಕಂಡಿತು. ಸರಿ ಅಂತ ನಂಬಿದ್ದೇ ಮುರಿದುಬಿದ್ದ ನೋವು ಅದು. 2009ರಲ್ಲಿ ಮನಶ್ಶಾಸ್ತ್ರಜ್ಞ ಬ್ರೆಟ್ ಲಿಟ್ಜ್ ಮತ್ತು ಜೊತೆಯವರು ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ನೀವು ಒಪ್ಪದ ಕೆಲಸವನ್ನು ನೀವೇ ಮಾಡಿರಬಹುದು, ತಡೆಯಲು ಆಗದೇ ಇದ್ದಿರಬಹುದು, ಕಣ್ಣಾರೆ ನೋಡಿರಬಹುದು. ಯಾವುದಾದರೂ ಗಾಯ ಮಾಡುತ್ತದೆ. ಅದೇ ವರ್ಷ ಸಂಶೋಧಕಿ ಶಿರಾ ಮಗುವೆನ್ ಮತ್ತು ಜೊತೆಯವರು ವಿಯೆಟ್ನಾಂ ಸೈನಿಕರ ಮಾಹಿತಿ ಇಟ್ಟುಕೊಂಡು ಇನ್ನೊಂದು ವಿಷಯ ತೋರಿಸಿದರು. ಯುದ್ಧದಲ್ಲಿ ಎಷ್ಟು ಅಪಾಯ ಕಂಡರು ಅನ್ನುವುದನ್ನು ಪಕ್ಕಕ್ಕಿಟ್ಟು ನೋಡಿದರೂ, ಕೊಂದವರಲ್ಲಿ ಪಿಟಿಎಸ್‌ಡಿ ಲಕ್ಷಣ ಜಾಸ್ತಿ. ಅಂದರೆ ಕೊಲ್ಲುವುದಕ್ಕೆ ಅದರದ್ದೇ ಭಾರ ಇದೆ.

ಭಯ ಕೇಳುವುದು, ಮತ್ತೆ ಹಾಗಾದರೆ ಏನು ಗತಿ ಅಂತ. ನೈತಿಕ ಗಾಯ ಕೇಳುವುದು, ಹಾಗೆ ಮಾಡಿದ ನಾನು ಎಂಥವಳು ಅಂತ. ಎರಡಕ್ಕೂ ಒಂದೇ ಮದ್ದು ನಾಟುವುದಿಲ್ಲ.

ಈಗ ಆ ಎಪಿಸೋಡಿನ ಒಂದು ದೃಶ್ಯ ಹತ್ತಿರದಿಂದ ನೋಡಿ. ಹಂಚಿ ಮಿಕ್ಕ ಬಿಸ್ಕತ್ತಿನಲ್ಲಿ ಒಂದನ್ನು ಅವಳು ಸ್ಯಾಮ್ ಅನ್ನುವ ಹುಡುಗನ ಸಮಾಧಿಯ ಮೇಲೆ ಇಡುತ್ತಾಳೆ. ಸ್ಯಾಮ್‌ನನ್ನು ಕೊಂದದ್ದು ಅವಳಲ್ಲ. ಆ ಹುಡುಗ ಬಿಸ್ಕತ್ತಿನ ಆಸೆಗೆ ಅವಳ ಹಿಂದೆ ಬಿದ್ದಿದ್ದ. ಬಂದೂಕು ಕದಿಯುವಾಗ ಅವಳು ಅವನ ಕಣ್ಣಿಗೆ ಬಿದ್ದಳು. ಯಾರಿಗಾದರೂ ಹೇಳಿದರೆ ನಿನ್ನನ್ನು ಮರಕ್ಕೆ ಕಟ್ಟುತ್ತೇನೆ, ಹೆಣಗಳು ಬಂದು ನಿನ್ನನ್ನು ತಿನ್ನುತ್ತವೆ ಅಂತ ಹೆದರಿಸಿದಳು. ಎಷ್ಟೋ ದಿನ ಕಳೆದ ಮೇಲೆ ಹೆಣಗಳ ಗುಂಪಿನ ನಡುವೆ ಸದ್ದಿಲ್ಲದೆ ನಡೆದುಹೋಗಬೇಕಾದ ಹೊತ್ತಿನಲ್ಲಿ ಆ ಮಾತೇ ಅವನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಅವನು ನಿಂತುಬಿಟ್ಟ. ಸತ್ತ.

ಅವಳ ಕೈಯಿಂದ ಸತ್ತವರು ಅಷ್ಟು ಜನ. ಬಿಸ್ಕತ್ತು ಹೋದದ್ದು ಅವಳ ಬರೀ ಮಾತು ತಾಗಿದವನ ಹತ್ತಿರ. ಇದನ್ನು ಬರೆದವರು ಯಾರೇ ಇರಲಿ, ಮನುಷ್ಯರನ್ನು ಚೆನ್ನಾಗಿ ನೋಡಿದ್ದಾರೆ. ನನ್ನ ಮುಂದೆ ಕೂರುವವರಲ್ಲೂ ಹೀಗೇ. ದೊಡ್ಡದು ಅಂತ ಹೊರಗಿನವರು ಅಂದುಕೊಂಡದ್ದನ್ನು ಅವರು ನೆಟ್ಟಗೆ ಹೇಳಿ ಮುಗಿಸುತ್ತಾರೆ, ಆದರೆ ಒಂದು ಸಣ್ಣ ಮಾತು, ತಿರುಗಿ ನೋಡದೆ ಬಂದ ಒಂದು ಗಳಿಗೆ, ಅಲ್ಲಿಗೆ ಬಂದಾಗ ದನಿ ನಿಂತುಹೋಗುತ್ತದೆ.

ಗುರುತು ಸಿಗದ ಹಾಗೆ ವಿವರ ಬದಲಿಸಿ ಒಬ್ಬರ ವಿಷಯ ಹೇಳುತ್ತೇನೆ. ತೀವ್ರ ನಿಗಾ ಘಟಕದಲ್ಲಿದ್ದ ನರ್ಸ್. ಯಂತ್ರಗಳು ಕಡಿಮೆ, ರೋಗಿಗಳು ಜಾಸ್ತಿ ಇದ್ದ ದಿನಗಳಲ್ಲಿ ಯಾರಿಗೆ ಮೊದಲು ಅನ್ನುವ ತೀರ್ಮಾನ ಬೇರೆಯವರದ್ದು, ಹೋಗಿ ಮಾಡಬೇಕಾದದ್ದು ಇವರು. ಆಗ ಒಂದು ದಿನವೂ ರಜೆ ಹಾಕಲಿಲ್ಲ. ಎಲ್ಲ ಮುಗಿದು ವಾರ್ಡ್ ಖಾಲಿಯಾದ ಮೇಲೆ ನಿದ್ದೆ ಹೋಯಿತು. ಅವರು ನನ್ನ ಹತ್ತಿರ ಬಂದಾಗ ಪರ್ಸಿನಿಂದ ಮಡಚಿದ ಒಂದು ಚೀಟಿ ತೆಗೆದರು. ಹೆಸರುಗಳಿರಲಿಲ್ಲ, ಬರೀ ಹಾಸಿಗೆ ನಂಬರ್. ಏಳು, ಹನ್ನೆರಡು, ಮತ್ತೆ ಏಳು. ಒಂದೇ ಹಾಸಿಗೆ ಎರಡು ಸಲ ಬರೆದಿದ್ದರು, ಯಾಕೆಂದರೆ ಅಲ್ಲಿ ಇಬ್ಬರು ಹೋದರು. ನಾನು ಚೀಟಿ ಕೈಗೆ ತಗೊಳ್ಳಲಿಲ್ಲ. ಅವರು ಓದಿದರು, ನಾನು ಕೇಳಿದೆ. ಅವರು ಯಾರನ್ನೂ ಕೊಂದಿರಲಿಲ್ಲ. ಆದರೂ ಕ್ಯಾರಲ್‌ಳ ನೋಟ್‌ಬುಕ್ ಬರುವ ಆ ದೃಶ್ಯವನ್ನು ಮತ್ತೆ ನೋಡಿದಾಗ ನನಗೆ ನೆನಪಾದದ್ದು ಆ ಚೀಟಿ.

ಲೆಕ್ಕ ಇಡುವುದು ಕಾಯಿಲೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಾನು ಅದನ್ನು ಜೀವ ಇರುವ ಗುರುತು ಅಂತಲೇ ಓದುತ್ತೇನೆ. ಮುಂದಿನ ಎಪಿಸೋಡ್ 'ದಿ ಸೇಮ್ ಬೋಟ್' ಇದನ್ನೇ ಎದುರುಬದುರು ಇಟ್ಟು ತೋರಿಸುತ್ತದೆ. ಕ್ಯಾರಲ್ ಮತ್ತು ಅವಳ ಗುಂಪಿನ ಮ್ಯಾಗಿಯನ್ನು ಸೇವಿಯರ್ಸ್ ಅನ್ನುವ ಶತ್ರು ಗುಂಪು ಹಿಡಿದು ಕೂರಿಸಿಕೊಂಡಿದೆ. ಅವರ ಮುಂದಾಳು ಪೌಲಾ ಕೂಡ ಹಿಂದೆ ಸಾಧಾರಣ ಹೆಂಗಸೇ, ಅವಳೂ ಬದುಕಲಿಕ್ಕೆ ಕೊಂದವಳು, ಆದರೆ ಎಣಿಸುವುದನ್ನು ಬಿಟ್ಟವಳು. ಎಣಿಸುವುದು ಬಿಟ್ಟ ಮೇಲೆ ಅವಳಿಗೆ ಹಗುರವಾಗಿದೆ. ಆ ಹಗುರ ನೋಡಿದರೆ ನನಗೆ ಹೆದರಿಕೆ ಆಗುತ್ತದೆ.

ಅಲ್ಲಿ ಕ್ಯಾರಲ್ ಮೊದಲು ನಾಟಕ ಆಡುತ್ತಾಳೆ. ಉಸಿರು ಕಟ್ಟಿದ ಹಾಗೆ ಮಾಡುತ್ತಾಳೆ, ಸಿಕ್ಕಿದ ಜಪಮಾಲೆಯನ್ನು ಕೈಯಲ್ಲಿ ಬಿಗಿಯಾಗಿ ಹಿಡಿಯುತ್ತಾಳೆ, ದೇವರಿಗೆ ನಡೆದುಕೊಳ್ಳುವ ಹೆದರುಪುಕ್ಕಿ ಹಾಗೆ ಕಾಣುತ್ತಾಳೆ. ಆದರೆ ಸ್ವಲ್ಪ ಹೊತ್ತಿಗೆ ಯಾವುದು ನಾಟಕ, ಯಾವುದು ನಿಜ ಅಂತ ಅವಳಿಗೇ ಗೊತ್ತಾಗುವುದಿಲ್ಲ. ಪೌಲಾಗೆ ಓಡಿಹೋಗು ಅಂತ ಬೇಡಿಕೊಳ್ಳುವಾಗ ಅಲ್ಲಿ ಯುಕ್ತಿ ಏನೂ ಇಲ್ಲ, ನನ್ನ ಕೈಯಲ್ಲಿ ಇನ್ನೊಂದು ಕೊಲೆ ಮಾಡಿಸಬೇಡ ಅನ್ನುವುದಷ್ಟೇ. ಪೌಲಾ ಹೋಗುವುದಿಲ್ಲ. ಕೊನೆಗೆ ಉಳಿದವರನ್ನು ಬೆಂಕಿಗೆ ಹಾಕುವವಳೂ ಕ್ಯಾರಲ್ಲೇ. ಹೊರಗೆ ಬಂದಾಗ ಅವಳ ಆಪ್ತ ಗೆಳೆಯ ಡ್ಯಾರಿಲ್ ನೀನು ಸರಿ ಇದ್ದೀಯಾ ಅಂತ ಕೇಳುತ್ತಾನೆ. ಇಲ್ಲ ಅನ್ನುತ್ತಾಳೆ. ಜಪಮಾಲೆ ಹಿಡಿದ ಕೈಯಿಂದ ರಕ್ತ ಬರುತ್ತಿರುತ್ತದೆ.

ಆ ಇಲ್ಲ ಅನ್ನುವ ಉತ್ತರಕ್ಕೆ ನನ್ನ ಕೋಣೆಯಲ್ಲಿ ಕೆಲವು ಸಲ ಏಳೆಂಟು ವಾರ ಹಿಡಿಯುತ್ತದೆ.

ಆದರೆ ಅಲ್ಲಿಂದ ಮುಂದೆ ಅವಳು ಮಾಡಿದ್ದು ಪತ್ರ ಬರೆದಿಟ್ಟು ಊರು ಬಿಟ್ಟದ್ದು. ಜನ ಇದಕ್ಕೇ ಸಿಟ್ಟಾದರು. ಅವಳ ಪತ್ರದ ತಿರುಳು ಇಷ್ಟು: ಪ್ರೀತಿಸಿದರೆ ಅವರಿಗಾಗಿ ಕೊಲ್ಲಬೇಕಾಗುತ್ತದೆ, ಇನ್ನು ನನ್ನಿಂದ ಕೊಲ್ಲಲು ಆಗದು, ಆದ್ದರಿಂದ ಪ್ರೀತಿಸುವ ಹಾಗೂ ಇಲ್ಲ. ಕೇಳಲು ಗಣಿತದ ಹಾಗಿದೆ. ಒಳಗಿರುವುದು ನಾಚಿಕೆ. ತಪ್ಪು ಮಾಡಿದೆ ಅನ್ನುವವರು ಸರಿಪಡಿಸಲು ಜನರ ಹತ್ತಿರ ಬರುತ್ತಾರೆ. ನಾನೇ ತಪ್ಪು ಅನ್ನಿಸಿದವರು ಜನರಿಂದ ದೂರ ಹೋಗುತ್ತಾರೆ. ಒಂಟಿಯಾದಷ್ಟೂ ಆ ನಂಬಿಕೆ ಗಟ್ಟಿಯಾಗುತ್ತದೆ, ಯಾಕೆಂದರೆ ಅಲ್ಲ ಅಂತ ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮನೆಯವರು ಇವರಿಗೆ ನಮ್ಮ ಮೇಲೆ ಪ್ರೀತಿ ಕಡಿಮೆಯಾಯ್ತು ಅಂತ ನೊಂದುಕೊಳ್ಳುತ್ತಾರೆ. ಎಷ್ಟೋ ಸಲ ಪ್ರೀತಿ ಹಾಗೇ ಇರುತ್ತದೆ, ಅದಕ್ಕೆ ನಾನು ಯೋಗ್ಯಳಲ್ಲ ಅನ್ನುವುದು ಅಡ್ಡ ಬಂದಿರುತ್ತದೆ.

ಹಾಗಾದರೆ ಇಂಥವರಿಗೆ ಏನು ಹೇಳಬೇಕು? ನಿನ್ನದೇನೂ ತಪ್ಪಿಲ್ಲ ಬಿಡು ಅನ್ನುವುದು ಬಾಯಿಗೆ ಬರುವ ಮೊದಲ ಮಾತು. ಅದು ನಾಟುವುದಿಲ್ಲ. ಅವರಿಗೆ ಗೊತ್ತು ತಾವು ಏನು ಮಾಡಿದೆವು ಅಂತ, ನೀವು ಕೇಳಲು ತಯಾರಿಲ್ಲ ಅಂತ ಮಾತ್ರ ಅವರಿಗೆ ಅನ್ನಿಸುತ್ತದೆ. ಕ್ಯಾರಲ್ ಎದುರು ಅವಳ ಗುಂಪಿನ ಮಾರ್ಗನ್ ಇಟ್ಟದ್ದು ಇನ್ನೊಂದು ದಾರಿ, ಪ್ರತಿ ಜೀವವೂ ಅಮೂಲ್ಯ, ಯಾರನ್ನೂ ಕೊಲ್ಲಬೇಡ. ಒಳ್ಳೆಯ ಮಾತೇ. ಆದರೆ ಅದು ನಾಳೆಗೆ ನಿಯಮ ಕೊಡುತ್ತದೆ, ನಿನ್ನೆಯ 18 ಜನರನ್ನು ಎಲ್ಲಿಡಬೇಕು ಅಂತ ಹೇಳುವುದಿಲ್ಲ. ಆ ನಿಯಮ ಆರನೇ ಸೀಸನ್‌ನ ಕೊನೆಯಲ್ಲೇ ಮಾರ್ಗನ್‌ನ ಕೈಯಲ್ಲೇ ಮುರಿಯಿತು.

ನಾವು ಮಾಡುವುದು ನಿಧಾನದ ಕೆಲಸ. ಮೊದಲು ಪೂರ್ತಿ ಕೇಳುವುದು. ಆಮೇಲೆ, ಆ ಗಳಿಗೆಯಲ್ಲಿ ನಿಮಗೆ ಗೊತ್ತಿದ್ದದ್ದು ಎಷ್ಟು, ನಿಮ್ಮ ಕೈಯಲ್ಲಿ ಇದ್ದದ್ದು ಎಷ್ಟು ಅಂತ ಬಿಡಿಸುವುದು, ಯಾಕೆಂದರೆ ಈಗ ಗೊತ್ತಿರುವುದು ಆಗಲೇ ಗೊತ್ತಿತ್ತು ಅಂತ ಮನಸ್ಸು ಮೋಸ ಮಾಡುತ್ತದೆ. ಅಷ್ಟು ಬಿಡಿಸಿದ ಮೇಲೂ ನಿಜವಾದ ತಪ್ಪಿನ ಒಂದು ತುಣುಕು ಉಳಿಯಬಹುದು. ಅದನ್ನು ಒರೆಸಿ ಹಾಕುವುದಿಲ್ಲ. ಲಿಟ್ಜ್ ಅವರ ತಂಡ ರೂಪಿಸಿದ ವಿಧಾನದಲ್ಲಿ, ತಮ್ಮನ್ನು ತುಂಬಾ ಪ್ರೀತಿಸುವ, ಸರಿತಪ್ಪು ತಿಳಿದ ಒಬ್ಬರು ಎದುರು ಕೂತಿದ್ದಾರೆ ಅಂತ ಕಲ್ಪಿಸಿಕೊಂಡು ನಡೆದದ್ದನ್ನೆಲ್ಲ ಅವರಿಗೆ ಜೋರಾಗಿ ಹೇಳಿಸುತ್ತಾರೆ. ಅವರು ಏನು ಉತ್ತರ ಕೊಡುತ್ತಾರೆ ಅಂತ ಆಮೇಲೆ ಕೇಳುತ್ತಾರೆ. ಅಲ್ಲಿ ಅಜ್ಜಿಯೋ, ಹಳೆಯ ಮೇಷ್ಟ್ರೋ ಬಂದು ಕೂರುವುದುಂಟು. ನೀನು ಮಾಡಿದ್ದು ನಿಜ, ಆದರೂ ನೀನು ನಮ್ಮವಳೇ ಅನ್ನುವ ಮಾತು ತಮ್ಮದೇ ಬಾಯಿಂದ ಹೊರಟಾಗ ಕೆಲವರು ಅಳುವುದನ್ನು ನೋಡಿದ್ದೇನೆ.

ಕ್ಯಾರಲ್‌ಗೆ ಅಂಥ ಕೋಣೆ ಇರಲಿಲ್ಲ. ಸಮಾಧಿಗಳ ಪಕ್ಕದ ಒಂದು ಪುಟ್ಟ ಮನೆಯಲ್ಲಿ ಒಂಟಿಯಾಗಿ ಇದ್ದಳು. ಡ್ಯಾರಿಲ್ ಹುಡುಕಿಕೊಂಡು ಬಂದಾಗ, ಎಲ್ಲರೂ ಚೆನ್ನಾಗಿದ್ದಾರಾ ಅಂತ ಕೇಳಿದಳು. ಗುಂಪಿನ ಗ್ಲೆನ್ ಮತ್ತು ಏಬ್ರಹಾಂ ಅಷ್ಟರಲ್ಲಿ ಸತ್ತಿದ್ದರು. ಅವಳ ಮುಖ ನೋಡಿ ಡ್ಯಾರಿಲ್, ಎಲ್ಲರೂ ಚೆನ್ನಾಗಿದ್ದಾರೆ ಅಂದ. ಪ್ರೀತಿಯಿಂದಲೇ ಸುಳ್ಳು ಹೇಳಿದ. ಇಬ್ಬರೂ ಊಟ ಮಾಡಿದರು, ಅವನು ಹೋದ, ಅವಳು ಮತ್ತೆ ಬಾಗಿಲು ಹಾಕಿಕೊಂಡಳು. ಕೊನೆಗೆ ನಿಜ ಹೇಳಿದವನು ಮಾರ್ಗನ್, ಅವನ ಕೈಗೂ ಆಗ ರಕ್ತ ಅಂಟಿತ್ತು. ಹೆಸರು ಹೆಸರಾಗಿ ಹೇಳಿದ. ಅದನ್ನು ಕೇಳಿದ ಮೇಲೆ ಕ್ಯಾರಲ್ ಆ ಮನೆಯನ್ನು ಅವನಿಗೆ ಬಿಟ್ಟು ಜನ ಇರುವ ಕಡೆಗೆ ನಡೆದುಹೋದಳು.