ಕರಾರು ಮುರಿದು ಎದುರಾಳಿ ಲೀಗಿಗೆ ಹೋದ ಆಟಗಾರನನ್ನು ನ್ಯಾಯಾಲಯ ಎಳೆದು ತರಬಹುದೇ?

ಓದುಗರ ಪ್ರಶ್ನೆ: ಅಮೆರಿಕ ಮತ್ತು ಕೆನಡಾದ ಎನ್‌ಎಚ್‌ಎಲ್ ಲೀಗಿನ ತಂಡವೊಂದಕ್ಕೆ ಸಹಿ ಹಾಕಿದ ಐಸ್ ಹಾಕಿ ಆಟಗಾರ, ಅವಧಿ ಮುಗಿಯುವ ಮೊದಲೇ ರಷ್ಯಾದ ಕೆಎಚ್‌ಎಲ್ ಲೀಗಿಗೆ ಹೋಗಿಬಿಟ್ಟ ಎಂಬ ಸುದ್ದಿ ಆಗಾಗ ಬರುತ್ತದೆ. ಸಹಿ ಹಾಕಿದ ಕರಾರಿಗೆ ಬೆಲೆಯೇ ಇಲ್ಲವೇ? ನ್ಯಾಯಾಲಯ ಅವನನ್ನು ವಾಪಸ್ ಕರೆಸಿ ಆಡಿಸಬಹುದಲ್ಲವೇ?

ಕರಾರಿಗೆ ಬೆಲೆ ಇದೆ. ಆದರೆ ವಾಪಸ್ ಕರೆಸಿ ಆಡಿಸಲು ನ್ಯಾಯಾಲಯಕ್ಕೆ ಬರುವುದಿಲ್ಲ. ‘ಹೊತ್ತುಕೊಂಡು ಹೋದ ನಾಯಿ ಮೊಲ ಹಿಡಿದೀತೇ’ ಎಂದು ನಮ್ಮ ಹಿರಿಯರು ಕೇಳುತ್ತಿದ್ದ ಮಾತನ್ನೇ ಕಾನೂನು ತನ್ನ ಭಾಷೆಯಲ್ಲಿ ಹೇಳುತ್ತದೆ. ಹಾಡುವುದು, ನಟಿಸುವುದು, ಆಡುವುದು ವ್ಯಕ್ತಿಯ ಸ್ವಂತ ಸಾಮರ್ಥ್ಯಕ್ಕೆ ಅಂಟಿಕೊಂಡ ಕೆಲಸಗಳು. ಅವನ್ನು ಬಲವಂತದಿಂದ ಮಾಡಿಸಿಕೊಳ್ಳಲಾಗದು. ನಮ್ಮ ದೇಶದ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 14ನೇ ಕಲಮಿನಲ್ಲಿಯೂ ಈ ತತ್ತ್ವವೇ ಇದೆ.

ನ್ಯಾಯಾಲಯಕ್ಕೆ ಇರುವುದು ಇನ್ನೊಂದು ದಾರಿ. ‘ನಮ್ಮಲ್ಲೇ ಆಡು’ ಎನ್ನಲಾಗದಿದ್ದರೂ ‘ಕರಾರಿನ ಅವಧಿ ಮುಗಿಯುವ ತನಕ ಬೇರೆಯವರಲ್ಲಿ ಆಡಬೇಡ’ ಎನ್ನಬಹುದು. ಇದು ಇಂಗ್ಲೆಂಡಿನ 1852ರ ಒಂದು ಮೊಕದ್ದಮೆಯಿಂದ ಬಂದ ದಾರಿ. ಯೊಹಾನಾ ವಾಗ್ನರ್ ಎಂಬ ಗಾಯಕಿ ಲಂಡನ್ನಿನ ಒಂದು ರಂಗಮಂದಿರಕ್ಕೆ ಮಾತು ಕೊಟ್ಟು, ಹೆಚ್ಚಿನ ಹಣಕ್ಕೆ ಇನ್ನೊಂದಕ್ಕೆ ಹೊರಟಿದ್ದರು. ಮೊದಲ ರಂಗಮಂದಿರದಲ್ಲಿ ಹಾಡಲೇಬೇಕೆಂದು ನ್ಯಾಯಾಲಯ ಹೇಳಲಿಲ್ಲ, ಎರಡನೆಯದರಲ್ಲಿ ಹಾಡಕೂಡದೆಂದಿತು. ನಮ್ಮ ಕಾನೂನಿನ 42ನೇ ಕಲಮಿಗೂ ಇದೇ ಮೂಲ. ಆದ್ದರಿಂದ ಹಾಕಿ ಕ್ಲಬ್ಬುಗಳ ವಕೀಲರು ಯಾವಾಗಲೂ ಕೇಳುವುದು ಈ ತಡೆಯಾಜ್ಞೆಯನ್ನೇ. ಅದು ಸಿಗುತ್ತದೆಯೇ, ಸಿಕ್ಕರೆ ಗಡಿಯಾಚೆ ಅದಕ್ಕೆ ಯಾರಾದರೂ ಕಿವಿಗೊಡುತ್ತಾರೆಯೇ ಎನ್ನುವುದರಲ್ಲಿ ಇಡೀ ಕಥೆ ಅಡಗಿದೆ.

ಈ ಜಗಳಗಳ ತಾಯಿಬೇರು 1972ರಲ್ಲಿದೆ. ಅದಕ್ಕೆ ಮುಂಚೆ ಹಲವು ದಶಕಗಳ ಕಾಲ ಎನ್‌ಎಚ್‌ಎಲ್‌ಗೆ ಸರಿಸಮಾನವಾದ ಎದುರಾಳಿ ಇರಲಿಲ್ಲ. ಆಟಗಾರರ ಕರಾರಿನಲ್ಲಿ ‘ಮೀಸಲು ಷರತ್ತು’ ಎಂಬುದೊಂದಿತ್ತು. ಅವಧಿ ಮುಗಿದರೂ ಅದೇ ಕ್ಲಬ್ಬು ಮುಂದಿನ ವರ್ಷಕ್ಕೆ ಕರಾರನ್ನು ನವೀಕರಿಸಬಹುದು, ಆ ನವೀಕೃತ ಕರಾರಿನಲ್ಲೂ ಅದೇ ಷರತ್ತು ಇರುತ್ತದೆ, ಅದರ ಮುಂದಿನದರಲ್ಲೂ ಇರುತ್ತದೆ. ಒಮ್ಮೆ ಸಹಿ ಹಾಕಿದವನು ಮೊಣಕಾಲು ಸವೆಯುವ ತನಕ ಆ ಕ್ಲಬ್ಬಿನವನೇ. ಜೀತಪತ್ರಕ್ಕೂ ಇದಕ್ಕೂ ವ್ಯತ್ಯಾಸ ಹುಡುಕಲು ನನಗೆ ಕಷ್ಟವಾಗುತ್ತದೆ.

ಆಗ ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಹೊಸ ಲೀಗ್ 12 ತಂಡಗಳೊಂದಿಗೆ ಹುಟ್ಟಿತು. ಅದಕ್ಕೆ ಜನ ಗುರುತಿಸುವ ಒಂದು ಮುಖ ಬೇಕಿತ್ತು. ಶಿಕಾಗೊ ಬ್ಲ್ಯಾಕ್ ಹಾಕ್ಸ್ ತಂಡದ ಬಾಬಿ ಹಲ್ ಹಿಂದಿನ ಸೀಸನ್ನಿನಲ್ಲಷ್ಟೇ 50 ಗೋಲು ಹೊಡೆದಿದ್ದರು. 1972ರ ಜೂನ್ 27ರಂದು ಅವರು ವಿನಿಪೆಗ್ ಜೆಟ್ಸ್ ಸೇರಿದರು. ವಿನಿಪೆಗ್ ನಗರದ ಪೋರ್ಟೇಜ್ ಮತ್ತು ಮೇನ್ ರಸ್ತೆಗಳು ಕೂಡುವ ವೃತ್ತದಲ್ಲಿ ಜನ ಕಿಕ್ಕಿರಿದು ನಿಂತರು. ಸಹಿಗೆಂದೇ 10 ಲಕ್ಷ ಡಾಲರ್. ಅದನ್ನು ಒಂದು ತಂಡವಲ್ಲ, ಹೊಸ ಲೀಗಿನ ಉಳಿದ ತಂಡಗಳೂ ಸೇರಿ ಹೊಂದಿಸಿದ್ದವು, ಏಕೆಂದರೆ ಹಲ್ ಬಂದರೆ ಲೀಗಿಗೇ ಮಾನ್ಯತೆ ಬರುತ್ತಿತ್ತು.

ಶಿಕಾಗೊ ಕ್ಲಬ್ಬು ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದಿತು. ಹಲ್ ಹೊಸ ತಂಡದ ಮೊದಲ 15 ಪಂದ್ಯಗಳನ್ನು ಹೊರಗಿನಿಂದ ನೋಡಬೇಕಾಯಿತು. ಇನ್ನೊಂದು ಪೆಟ್ಟು ಇದಕ್ಕಿಂತ ಆಳಕ್ಕೆ ಇಳಿಯಿತು. ಅದೇ ಸೆಪ್ಟೆಂಬರಿನಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟದ ನಡುವೆ ಎಂಟು ಪಂದ್ಯಗಳ ಐತಿಹಾಸಿಕ ಸರಣಿ ನಡೆಯಿತು. ಎನ್‌ಎಚ್‌ಎಲ್ ಕರಾರು ಇದ್ದವರಿಗೆ ಮಾತ್ರ ಅದರಲ್ಲಿ ಸ್ಥಾನ ಎಂದಾಯಿತು. ದೇಶದ ಅತ್ಯುತ್ತಮ ಆಟಗಾರರಲ್ಲಿ ಒಬ್ಬರು, ದೇಶಕ್ಕೇ ಆಡಲಾಗದೆ ಮನೆಯಲ್ಲಿ ಕುಳಿತರು. ಕರಾರಿನ ಜಗಳದಲ್ಲಿ ಹೀಗೆ ದೇಶದ ಅಂಗಿಯನ್ನು ಒತ್ತೆಯಾಗಿಡುವ ಚಾಳಿಯನ್ನು ನಾನು ಯಾವ ಕಾಲಕ್ಕೂ ಒಪ್ಪಲಾರೆ.

ಬಾಸ್ಟನ್‌ನ ಫೆಡರಲ್ ನ್ಯಾಯಾಲಯ ಅಷ್ಟರಲ್ಲೇ ಬೇರೆ ದಿಕ್ಕು ತೋರಿಸಿತ್ತು. ಹೊಸ ಲೀಗಿಗೆ ಹೊರಟಿದ್ದ ಗೋಲ್‌ಕೀಪರ್ ಜೆರ್ರಿ ಚೀವರ್ಸ್ ಮತ್ತು ಡೆರೆಕ್ ಸ್ಯಾಂಡರ್ಸನ್ ಅವರನ್ನು ತಡೆಯಿರಿ ಎಂದು ಬಾಸ್ಟನ್ ಬ್ರೂಯಿನ್ಸ್ ಕೇಳಿದಾಗ ಅದು ಒಪ್ಪಲಿಲ್ಲ. ನವೆಂಬರ್ 8ರಂದು ಫಿಲಡೆಲ್ಫಿಯಾದಲ್ಲಿ ನ್ಯಾಯಾಧೀಶ ಲಿಯಾನ್ ಹಿಗಿನ್‌ಬಾಥಮ್ ಅವರ ತೀರ್ಪು ಬಂತು. ಅಮೆರಿಕದ ಏಕಸ್ವಾಮ್ಯ ವಿರೋಧಿ ಕಾನೂನಾದ ಶೆರ್ಮನ್ ಕಾಯಿದೆಯ ಬೆಳಕಿನಲ್ಲಿ ಅವರು ಇಡೀ ವ್ಯವಸ್ಥೆಯನ್ನು ಹಿಡಿದು ನೋಡಿದರು. ಆಟಗಾರರೆಲ್ಲರನ್ನೂ ಕೊನೆಯಿಲ್ಲದ ಷರತ್ತಿನಿಂದ ಕಟ್ಟಿಹಾಕಿದರೆ ಹೊಸ ಲೀಗಿಗೆ ಆಟಗಾರರು ಎಲ್ಲಿಂದ ಬರಬೇಕು? ಮೀಸಲು ಷರತ್ತನ್ನು ಜಾರಿ ಮಾಡದಂತೆ ಅವರು ಎನ್‌ಎಚ್‌ಎಲ್ ಅನ್ನೇ ತಡೆದರು. ಹಲ್ ಅಂಗಳಕ್ಕೆ ಇಳಿದರು. ಹೊಸ ಲೀಗ್ ಏಳು ಸೀಸನ್ ಬಾಳಿತು. 1979ರಲ್ಲಿ ಅದರ ನಾಲ್ಕು ತಂಡಗಳು ಎನ್‌ಎಚ್‌ಎಲ್‌ಗೆ ಸೇರಿದವು, ಎಡ್ಮಂಟನ್ ಆಯ್ಲರ್ಸ್ ಅವುಗಳಲ್ಲೊಂದು.

ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಬಿಟ್ಟರೆ ಮುಂದಿನದೆಲ್ಲ ಗೋಜಲಾಗುತ್ತದೆ. ಹಲ್ ಅವರ ಕರಾರಿನ ಅವಧಿ ಮುಗಿದಿತ್ತು. ಉಳಿದಿದ್ದುದು ಷರತ್ತಿನ ಬಾಲ ಮಾತ್ರ. ಅವಧಿ ಮುಗಿದ ಮೇಲೂ ಹಿಡಿದಿಡುವ ಷರತ್ತನ್ನು ನ್ಯಾಯಾಲಯಗಳು ಅನುಮಾನದಿಂದಲೇ ನೋಡುತ್ತವೆ. ಭಾರತದ ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಂಪನಿಯ ನಡುವಿನ ವ್ಯಾಜ್ಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದೂ ಇದನ್ನೇ. ಒಪ್ಪಂದದ ಅವಧಿಯ ನಂತರವೂ ಅವರ ಕೈ ಕಟ್ಟುವ ಷರತ್ತು ಕರಾರು ಅಧಿನಿಯಮದ 27ನೇ ಕಲಮಿನ ಪ್ರಕಾರ ಊರ್ಜಿತವಲ್ಲ. ಅವಧಿ ನಡೆಯುತ್ತಿರುವಾಗಲೇ ಎದ್ದು ಹೋಗುವುದು ಬೇರೆ ಮಾತು.

ಹಾಗೆ ಎದ್ದು ಹೋದವರಲ್ಲಿ ಎವ್ಗೆನಿ ಮಾಲ್ಕಿನ್ ಅವರ ಪಯಣ ರಷ್ಯಾದಿಂದ ಅಮೆರಿಕದ ಕಡೆಗೆ. 2006ರ ಆಗಸ್ಟ್, ವಯಸ್ಸು 20. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಅವರನ್ನು ಎರಡು ವರ್ಷ ಹಿಂದೆಯೇ, ಎನ್‌ಎಚ್‌ಎಲ್ ತಂಡಗಳು ಹೊಸ ಆಟಗಾರರನ್ನು ಹಂಚಿಕೊಳ್ಳುವ ಆಯ್ಕೆಯಲ್ಲಿ, ಆರಿಸಿಕೊಂಡಿತ್ತು. ಹುಟ್ಟೂರಿನ ಕ್ಲಬ್ಬು ಮೆಟಲರ್ಗ್ ಮ್ಯಾಗ್ನಿಟೊಗೊರ್ಸ್ಕ್ ಇನ್ನೊಂದು ವರ್ಷಕ್ಕೆ ಸಹಿ ಪಡೆಯಿತು. ತಡರಾತ್ರಿಯವರೆಗೆ ಎಳೆದ ಮಾತುಕತೆಯ ಒತ್ತಡದಲ್ಲಿ ಅದನ್ನು ಹಾಕಿಸಿಕೊಂಡರೆಂಬುದು ಅವರ ಕಡೆಯ ದೂರು. ಕೆಲವೇ ದಿನಗಳಲ್ಲಿ ತಂಡ ತರಬೇತಿಗೆಂದು ಫಿನ್‌ಲ್ಯಾಂಡಿಗೆ ಬಂದಿಳಿದಾಗ ಮಾಲ್ಕಿನ್ ಹೆಲ್ಸಿಂಕಿ ವಿಮಾನ ನಿಲ್ದಾಣದಿಂದ ಏಜೆಂಟರ ಜೊತೆ ಕಣ್ಮರೆಯಾದರು. ಕೆಲವು ದಿನ ಅಡಗಿದ್ದು ಲಾಸ್ ಏಂಜಲಿಸ್ ತಲುಪಿದರು. ಕ್ಲಬ್ಬಿಗೆ ರಾಜೀನಾಮೆ ಪತ್ರ ಹೋಯಿತು. ಎರಡು ವಾರದ ಮುನ್ಸೂಚನೆ ಕೊಟ್ಟು ಯಾವ ನೌಕರನಾದರೂ ಕೆಲಸ ಬಿಡಬಹುದು ಎನ್ನುವ ರಷ್ಯಾದ ಕಾರ್ಮಿಕ ಕಾನೂನೇ ಅದರ ಆಧಾರ. ಮೆಟಲರ್ಗ್ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು, ತಡೆಯಾಜ್ಞೆ ಸಿಗಲಿಲ್ಲ. ಅದೇ ವರ್ಷದ ಆರಂಭದಲ್ಲಿ ಅಲೆಕ್ಸಾಂಡರ್ ಒವೆಚ್ಕಿನ್ ವಿರುದ್ಧ ಮಾಸ್ಕೊದ ಡೈನಮೊ ಕ್ಲಬ್ಬು ರಷ್ಯಾದ ಹಾಕಿ ಸಂಸ್ಥೆಯ ಪಂಚಾಯ್ತಿ ತೀರ್ಪನ್ನು ಹಿಡಿದು ವಾಷಿಂಗ್ಟನ್ ನ್ಯಾಯಾಲಯಕ್ಕೆ ಹೋಗಿ ಸೋತಿತ್ತು.

ರಷ್ಯಾದವರ ಸಿಟ್ಟಿಗೆ ಕಾರಣವಿತ್ತು ಎನ್ನುವುದನ್ನೂ ಹೇಳಬೇಕು. ಹುಡುಗನನ್ನು ಚಿಕ್ಕಂದಿನಿಂದ ಸಾಕಿ ಬೆಳೆಸಿದ ಕ್ಲಬ್ಬಿಗೆ ಎನ್‌ಎಚ್‌ಎಲ್ ಒಬ್ಬನಿಗೆ ಸುಮಾರು ಎರಡು ಲಕ್ಷ ಡಾಲರ್ ಕೊಡುವ ಒಪ್ಪಂದವೊಂದಿತ್ತು. ಆ ಮೊತ್ತ ಸಾಲದೆಂದು ರಷ್ಯಾ ಸಹಿ ಹಾಕಿರಲಿಲ್ಲ. ಮಾಲ್ಕಿನ್ ಅವರಂಥ ಪ್ರತಿಭೆಗೆ ಆ ಮೊತ್ತ ಜುಜುಬಿ ಎಂಬುದರಲ್ಲಿ ನನಗೂ ಸಂಶಯವಿಲ್ಲ. 2008ರಲ್ಲಿ ರಷ್ಯಾ ತನ್ನ ಕಾರ್ಮಿಕ ಸಂಹಿತೆಗೆ ಕ್ರೀಡಾಪಟುಗಳಿಗಾಗಿಯೇ ಪ್ರತ್ಯೇಕ ಅಧ್ಯಾಯ ಸೇರಿಸಿ, ಎರಡು ವಾರದ ಆ ಬಾಗಿಲನ್ನು ಕಿರಿದಾಗಿಸಿತು.

ಅದೇ ವರ್ಷ ಕೆಎಚ್‌ಎಲ್ ಹುಟ್ಟಿತು, ಗಾಳಿ ತಿರುಗಿತು. ಅಲೆಕ್ಸಾಂಡರ್ ರಾಡುಲೊವ್ ನ್ಯಾಶ್‌ವಿಲ್ ಪ್ರಿಡೇಟರ್ಸ್ ಪರ 26 ಗೋಲು ಹೊಡೆದು ಬೆಳಗುತ್ತಿದ್ದ ಹುಡುಗ. ಹೊಸಬರ ಕರಾರಿನಲ್ಲಿ ಇನ್ನೂ ಒಂದು ವರ್ಷ ಬಾಕಿ ಇತ್ತು, ಸಂಬಳ 10 ಲಕ್ಷ ಡಾಲರಿಗೂ ಕಡಿಮೆ. ಉಫಾ ನಗರದ ಸಲಾವತ್ ಯುಲಾಯೆವ್ ಕ್ಲಬ್ಬು ಅದರ ಹಲವು ಪಟ್ಟು ಕೊಟ್ಟು ಮೂರು ವರ್ಷಕ್ಕೆ ಕರೆಯಿತು. ಪರಸ್ಪರರ ಕರಾರುಗಳನ್ನು ಗೌರವಿಸುತ್ತೇವೆ ಎಂದು ಎರಡೂ ಲೀಗುಗಳು ಜುಲೈ 10ರಂದು ಒಪ್ಪಿಕೊಂಡವು, ಮರುದಿನವೇ ರಾಡುಲೊವ್ ಸುದ್ದಿ ಹೊರಬಿತ್ತು. ಸಹಿಯಾದದ್ದು ಅದಕ್ಕೂ ಮೊದಲು, ಜುಲೈ 5ರಂದು ಎಂದಿತು ಕೆಎಚ್‌ಎಲ್. ಅಂತರರಾಷ್ಟ್ರೀಯ ಐಸ್ ಹಾಕಿ ಫೆಡರೇಷನ್ ವಿಚಾರಣೆ ಮಾಡಿತು. ಏನೇ ಆದರೂ ರಾಡುಲೊವ್ ಉಫಾದಲ್ಲಿ ಆಡಿದರು, 2011ರಲ್ಲಿ ಕೆಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಗಗಾರಿನ್ ಕಪ್ಪನ್ನೂ ಗೆದ್ದರು.

ನ್ಯಾಶ್‌ವಿಲ್ ಮಾಡಿದ್ದೇನು? ಸಂಬಳವಿಲ್ಲದೆ ಅಮಾನತು ಮಾಡಿ ಸುಮ್ಮನೆ ಕಾಯಿತು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ. ಆಟಗಾರ ಎದ್ದು ಹೋದರೆ ಎನ್‌ಎಚ್‌ಎಲ್ ಕರಾರಿನ ಗಡಿಯಾರ ನಿಲ್ಲುತ್ತದೆ. ಉಳಿದ ಒಂದು ವರ್ಷ ಸವೆಯುವುದಿಲ್ಲ, ಹಾಗೇ ಮಲಗಿರುತ್ತದೆ. ಎಂದಾದರೂ ಆ ಲೀಗಿಗೆ ಬರಬೇಕೆಂದರೆ ಮೊದಲು ಅದನ್ನು ತೀರಿಸಬೇಕು. ರಾಡುಲೊವ್ 2012ರ ಮಾರ್ಚಿನಲ್ಲಿ ಬಂದರು, ಲೀಗಿನ ಕೊನೆಯ ಒಂಬತ್ತು ಪಂದ್ಯಗಳನ್ನೂ ನಾಕೌಟ್ ಪಂದ್ಯಗಳನ್ನೂ ಆಡಿದರು. ಅಷ್ಟರಲ್ಲಿ ನಾಲ್ಕು ವರ್ಷ ಹಿಂದಿನ ಸಾಲ ತೀರಿತು! ಮತ್ತೆ ರಷ್ಯಾಕ್ಕೆ ಹೋದರು, ಈ ಸಲ ಸಿಎಸ್‌ಕೆಎ ಮಾಸ್ಕೊ ತಂಡಕ್ಕೆ, ಯಾರ ತಕರಾರೂ ಇಲ್ಲದೆ.

ತಕರಾರಿಲ್ಲದೆ ನಡುವೆಯೇ ಹೊರಬೀಳಲು ಇನ್ನೊಂದು ಬಾಗಿಲಿದೆ, ನಿವೃತ್ತಿ. ಇಲ್ಯಾ ಕೊವಲ್ಚುಕ್ ನ್ಯೂಜೆರ್ಸಿ ಡೆವಿಲ್ಸ್ ಜೊತೆ 15 ವರ್ಷ, 10 ಕೋಟಿ ಡಾಲರಿನ ಕರಾರು ಮಾಡಿಕೊಂಡಿದ್ದರು. 2013ರ ಜುಲೈನಲ್ಲಿ 12 ವರ್ಷ ಮತ್ತು 7.7 ಕೋಟಿ ಡಾಲರ್ ಬಾಕಿ ಇರುವಾಗಲೇ ಎನ್‌ಎಚ್‌ಎಲ್‌ನಿಂದ ನಿವೃತ್ತಿ ಘೋಷಿಸಿ ಸೇಂಟ್ ಪೀಟರ್ಸ್‌ಬರ್ಗಿನ ಎಸ್‌ಕೆಎ ಸೇರಿದರು. ಅಷ್ಟು ಹಣ ಬಿಟ್ಟು ಮನೆಗೆ ಹೋಗಬಯಸುವವನನ್ನು ಯಾವ ಕ್ಲಬ್ಬು ತಾನೇ ಹಿಡಿದೀತು?

ಗಡಿಯಾಚೆ ತಡೆಯಾಜ್ಞೆ ನಡೆಯದಿದ್ದಾಗ ಉಳಿಯುವ ಅಸ್ತ್ರ ಅಂತರರಾಷ್ಟ್ರೀಯ ಫೆಡರೇಷನ್ನಿನ ಕೈಯಲ್ಲಿದೆ. ಅದರ ವರ್ಗಾವಣೆ ಪತ್ರವಿಲ್ಲದೆ ಆಟಗಾರ ದೇಶ ಬದಲಿಸಿ ಆಡುವಂತಿಲ್ಲ. ನಮ್ಮ ಮೈದಾನದ ಹಾಕಿಯಲ್ಲೂ ಇದರ ಬಿಸಿ ತಟ್ಟಿದ್ದುಂಟು. 2012ರಲ್ಲಿ ಕರ್ನಾಟಕ ಲಯನ್ಸ್ ಸೇರಿ ಎಂಟು ತಂಡಗಳ ವರ್ಲ್ಡ್ ಸೀರೀಸ್ ಹಾಕಿ ನಡೆಯಿತು. ಜಾಗತಿಕ ಸಂಸ್ಥೆಯ ಮಾನ್ಯತೆ ಅದಕ್ಕಿರಲಿಲ್ಲ. ಲಂಡನ್ ಒಲಿಂಪಿಕ್ಸ್ ಎದುರಿಗಿತ್ತು, ಲೀಗೋ ದೇಶದ ತಂಡವೋ ಎಂಬ ಇಕ್ಕಟ್ಟು ಆಟಗಾರರ ಮೇಲೆ ಬಿತ್ತು. ಒಂದೇ ಸೀಸನ್ನಿಗೆ ಲೀಗ್ ನಿಂತುಹೋಯಿತು. ಅಲ್ಲಿ ಜಗಳ ಕ್ಲಬ್ಬಿನ ಕರಾರಿನದಲ್ಲ, ಮಾನ್ಯತೆಯದು. ಆದರೂ 1972ರಲ್ಲಿ ಹಲ್ ಅವರಿಗೆ ತಗುಲಿದ ಪೆಟ್ಟಿಗೂ ಇದಕ್ಕೂ ನಂಟಿದೆ.

ಫೆಡರೇಷನ್ನಿನ ಅಸ್ತ್ರಕ್ಕೆ ಎಷ್ಟು ಹರಿತವಿದೆ ಎಂದು ಇವಾನ್ ಫೆಡೊಟೊವ್ ಅವರ ಪ್ರಕರಣ ತೋರಿಸಿತು. 2022ರ ವಸಂತದಲ್ಲಿ ಸಿಎಸ್‌ಕೆಎಗೆ ಗಗಾರಿನ್ ಕಪ್ ಗೆದ್ದುಕೊಟ್ಟ ಗೋಲ್‌ಕೀಪರ್ ಅವರು. ಮೇ ತಿಂಗಳಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್ ಜೊತೆ ಒಂದು ವರ್ಷದ ಕರಾರು ಮಾಡಿಕೊಂಡರು. ಉಕ್ರೇನ್ ಯುದ್ಧದ ಕಾರಣ ಪರಸ್ಪರರ ಕರಾರುಗಳನ್ನು ಗೌರವಿಸಲು ಎರಡು ಲೀಗುಗಳ ನಡುವೆ ಇದ್ದ ತಿಳಿವಳಿಕೆ ಪತ್ರವನ್ನು ಎನ್‌ಎಚ್‌ಎಲ್ ಆ ಮಾರ್ಚಿನಲ್ಲೇ ಅಮಾನತಿನಲ್ಲಿಟ್ಟಿತ್ತು. ಜುಲೈ 1ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಸೇನಾ ಸೇವೆ ತಪ್ಪಿಸಿಕೊಂಡ ಆರೋಪದ ಮೇಲೆ ಅವರನ್ನು ಹಿಡಿದರು. ಉತ್ತರದ ಮಂಜಿನ ನಾಡಿನ ನೌಕಾ ನೆಲೆಗೆ ಕಳಿಸಿದರು. ಸಿಎಸ್‌ಕೆಎ ಎಂದರೆ ಹುಟ್ಟಿನಿಂದ ಸೇನೆಯ ಕ್ಲಬ್ಬು ಎನ್ನುವುದನ್ನು ನೆನಪಿಟ್ಟುಕೊಂಡೇ ಇದನ್ನು ಓದಬೇಕು. 25 ವರ್ಷದ ಗೋಲ್‌ಕೀಪರಿಗೆ ಒಂದಿಡೀ ಸೀಸನ್ ಆಟವಿಲ್ಲ.

2023ರಲ್ಲಿ ಸೇವೆ ಮುಗಿಸಿ ಅವರು ಸಿಎಸ್‌ಕೆಎ ಜೊತೆಯೇ ಎರಡು ವರ್ಷಕ್ಕೆ ಸಹಿ ಹಾಕಿದರು. ಫ್ಲೈಯರ್ಸ್ ತಕರಾರು ತೆಗೆಯಿತು: ನಮ್ಮ ಕರಾರಿನ ಗಡಿಯಾರ ನಿಂತಿದೆ, ಆ ಒಂದು ವರ್ಷ ಇನ್ನೂ ಜೀವಂತ. ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ಅದನ್ನು ಒಪ್ಪಿತು. ಡಿಸೆಂಬರ್ 31ರವರೆಗೆ ಫೆಡೊಟೊವ್ ಆಡಕೂಡದು, ಸಿಎಸ್‌ಕೆಎ ಒಂದು ವರ್ಷ ವಿದೇಶದಿಂದ ಆಟಗಾರರನ್ನು ತರಕೂಡದು ಎಂದು ಆದೇಶಿಸಿತು. ಕೆಎಚ್‌ಎಲ್ ಕೇಳಲಿಲ್ಲ. ಸೆಪ್ಟೆಂಬರಿನಲ್ಲೇ ಅವರು ಸಿಎಸ್‌ಕೆಎ ಗೋಲಿನ ಮುಂದೆ ನಿಂತಿದ್ದರು. ರಷ್ಯಾದ ತಂಡಗಳನ್ನು ಯುದ್ಧದ ಕಾರಣ ಆಗಲೇ ವಿಶ್ವ ಸ್ಪರ್ಧೆಗಳಿಂದ ಹೊರಗಿಟ್ಟಿದ್ದರು. ಹೊರಗಿರುವವರನ್ನು ಹೊರಗೆ ಹಾಕುವುದಾಗಿ ಹೆದರಿಸಲಾಗುವುದಿಲ್ಲ.

ಈ ಗಂಟನ್ನು ಕೊನೆಗೆ ಬಿಡಿಸಿದ್ದು ಯಾವ ನ್ಯಾಯಾಧೀಶರೂ ಅಲ್ಲ. 2024ರ ಮಾರ್ಚ್ 28ರಂದು ಸಿಎಸ್‌ಕೆಎ ತಾನಾಗಿಯೇ ಕರಾರನ್ನು ರದ್ದು ಮಾಡಿತು. ನಾಲ್ಕೇ ದಿನಗಳಲ್ಲಿ, ಏಪ್ರಿಲ್ 1ರಂದು, ಫೆಡೊಟೊವ್ ಫಿಲಡೆಲ್ಫಿಯಾದ ಅಂಗಿ ತೊಟ್ಟು ಎನ್‌ಎಚ್‌ಎಲ್ ಮಂಜಿನ ಮೇಲೆ ಕಾಲಿಟ್ಟರು. 2022ರ ಮೇ ತಿಂಗಳಲ್ಲಿ ಸಹಿ ಹಾಕಿದ್ದ ಅದೇ ಒಂದು ವರ್ಷದ ಕರಾರು ಆಗಲೂ ಜಾರಿಯಲ್ಲಿತ್ತು.