ಗೋಲ್ಡ್ ಮೆಡಲ್ ಅಂದ್ರೆ ಫಸ್ಟ್ ಪ್ರೈಜ್ ಅಲ್ಲ ಗೌಡ್ರೇ

ಬೆಳಗ್ಗೆ ಎಂಟೂವರೆಗೆ ವೈನ್ ಮತ್ತೆ ಸ್ಪಿರಿಟ್ಸ್ ಸ್ಪರ್ಧೆ ರಿಸಲ್ಟು, ತಿಂಡಿ ಜೊತೆ ಅನೌನ್ಸ್ ಮಾಡ್ತಾರೆ, ಬನ್ನಿ ಅಂತ ಮೆಸೇಜ್ ಬಂದಾಗ ನಮ್ಮಮ್ಮ ಪಕ್ಕದಲ್ಲೇ ಕೂತು ದಂಟಿನ ಸೊಪ್ಪು ಬಿಡಿಸ್ತಿದ್ರು, ಜೋರಾಗಿ ಓದಿದ್ದೇ ತಪ್ಪಾಯ್ತು. "ಬೆಳಬೆಳಗ್ಗೇನೇ ಶುರುನಾ ನಿಮ್ದು" ಅಂದ್ರು. ಇಪ್ಪತ್ತು ವರ್ಷದಿಂದ ವೈನ್ ಮಾಡೋದೇ ನನ್ನ ಕೆಲಸ, ಮನೆ ನಡೀತಿರೋದೇ ಅದರಿಂದ, ಆದ್ರೂ ಅಮ್ಮನ ಲೆಕ್ಕದಲ್ಲಿ ನಾನು ಇನ್ನೂ ಕೆಮಿಸ್ಟ್ರಿ ಎಂಎಸ್ಸಿ ಮಾಡಿ ದಾರಿ ತಪ್ಪಿದ ಮಗಳು.

ಜಾಗ ನಂದಿ ಬೆಟ್ಟದ ಬುಡದಲ್ಲಿರೋ ಒಂದು ರೆಸಾರ್ಟು. ಶನಿವಾರ ಆಗಿದ್ರಿಂದ ಸೂರ್ಯೋದಯ ನೋಡಕ್ಕೆ ಹೋಗಿದ್ದ ಬೈಕ್‌ಗಳೆಲ್ಲ ಗುಂಪು ಗುಂಪಾಗಿ ಇಳೀತಿದ್ವು, ನಾವು ಎದುರಿಗೆ ಹೋಗ್ತಿದ್ವಿ. ನಾವು ಅಂದ್ರೆ ನಾನು ಮತ್ತೆ ಶಿಡ್ಲಘಟ್ಟದ ಕಡೆಯ ನಮ್ಮ ಗೌಡ್ರು. ಅವರ ಎರಡೆಕರೆ ಶಿರಾಜ್ ದ್ರಾಕ್ಷಿಯಿಂದ ಮಾಡಿದ ವೈನು ಸ್ಪರ್ಧೆಗೆ ಹೋಗಿತ್ತು. ಬಾಟಲಿ ಮೇಲೆ ವೈನರಿ ಹೆಸರೇ ಇರುತ್ತೆ, ಬೆಳೆದವರ ಹೆಸರು ಎಲ್ಲೂ ಬರಲ್ಲ, ಅದಕ್ಕೇ ಒಂದ್ಸಲ ನೋಡ್ಲಿ ಅಂತ ಕರ್ಕೊಂಡು ಹೋದೆ. ಗೌಡ್ರು ಇಸ್ತ್ರಿ ಮಾಡಿದ ಬಿಳಿ ಷರ್ಟು, ಹೆಗಲ ಮೇಲೆ ಟವಲ್, ಜೇಬಲ್ಲಿ ಓದೋ ಕನ್ನಡಕ, ಮದುವೆಗೆ ಹೊರಟ ಹಾಗೆ.

ಹಾಲ್‌ನಲ್ಲಿ ಖಾರಾಬಾತು, ಕೇಸರಿಬಾತು, ಇಡ್ಲಿ, ಗಟ್ಟಿ ಚಟ್ನಿ, ಫಿಲ್ಟರ್ ಕಾಫಿ. ಒಂದ್ ಕಡೆ ಉದ್ದನೆ ಟೇಬಲ್ ಮೇಲೆ ಮೆಡಲ್ ಬಂದ ಬಾಟಲಿಗಳನ್ನ ಬಿಳಿ ಬಟ್ಟೆ ಮುಚ್ಚಿ ಇಟ್ಟಿದ್ರು. ಭಾಷಣ ಮುಗಿದ ಮೇಲೆ ಪಟ್ಟಿ ಓದಕ್ಕೆ ಶುರು ಮಾಡಿದ್ರು. ರೆಡ್ ವೈನ್ ವಿಭಾಗ, ಗೋಲ್ಡ್ ಅಂದ್ರು, ಒಂದು ಹೆಸರು, ಚಪ್ಪಾಳೆ. ಇನ್ನೊಂದು ಗೋಲ್ಡು, ಚಪ್ಪಾಳೆ. ಹಿಂಗೇ ಆರು. ಗೌಡ್ರು ಇಡ್ಲಿ ತಿನ್ನೋದು ನಿಲ್ಲಿಸಿ ನನ್ ಕಡೆ ಬಗ್ಗಿ, "ಮೇಡಂ, ಆರು ಜನಾನೂ ಫಸ್ಟಾ? ಅದೆಂಗೆ?" ಅಂದ್ರು. ಅಷ್ಟರಲ್ಲಿ ಸಿಲ್ವರ್ ಪಟ್ಟಿ ಶುರುವಾಗಿ ಅದರಲ್ಲಿ ಮೊದಲನೇದೇ ನಮ್ಮದು ಬಂತು. ನಾನು ಎದ್ದು ನಿಂತು ಚಪ್ಪಾಳೆ ಹೊಡೀತಿದ್ರೆ ಗೌಡ್ರು ಬೆರಳು ಮಡಚಿ ಎಣಿಸಿ, ಮುಖ ಸಪ್ಪೆ ಮಾಡ್ಕೊಂಡು, "ಅಂಗಾದ್ರೆ ನಮ್ದು ಏಳನೇದು" ಅಂತ ಕೂತ್ರು.

ಇದನ್ನೇ ನಾನು ವರ್ಷಾವರ್ಷ ಹೇಳಿ ಹೇಳಿ ಸಾಕಾಗಿರೋದು. ಗೌಡ್ರನ್ನ ಬಿಡಿ, ಅವರು ಮೊದಲನೇ ಸಲ ಬಂದಿದ್ರು. ವೈನರಿ ಓನರ್‌ಗಳು, ಅಂಗಡಿಯವರು, ಮೈಕ್ ಹಿಡ್ಕೊಂಡು ಬರೋ ವರದಿಗಾರರು, ಎಲ್ಲರದ್ದೂ ಇದೇ ಪ್ರಶ್ನೆ: "ಗೋಲ್ಡ್ ಸರಿ, ಫಸ್ಟ್ ಯಾರು?" ಫಸ್ಟ್ ಯಾರೂ ಇಲ್ಲ. ಬಹುತೇಕ ಸ್ಪರ್ಧೆಗಳಲ್ಲಿ ಚಿನ್ನ ಬೆಳ್ಳಿ ಕಂಚು ಅನ್ನೋದು ಓಟದ ಪಂದ್ಯದ ಒಂದು ಎರಡು ಮೂರು ಅಲ್ಲವೇ ಅಲ್ಲ. ಒಲಿಂಪಿಕ್ಸ್ ನೋಡಿ ನೋಡಿ ನಮ್ಮ ತಲೇಲಿ ಅದು ಕೂತ್ಬಿಟ್ಟಿದೆ.

ಎಸ್ಸೆಸ್ಸೆಲ್ಸಿ ರಿಸಲ್ಟ್ ನೆನಪು ಮಾಡ್ಕೊಳಿ. ಒಂದು ಸ್ಕೂಲಲ್ಲಿ ಹನ್ನೆರಡು ಮಕ್ಕಳಿಗೆ ಡಿಸ್ಟಿಂಕ್ಷನ್ ಬರಬಹುದು, ಮೂವತ್ತು ಮಕ್ಕಳಿಗೆ ಫಸ್ಟ್ ಕ್ಲಾಸ್ ಬರಬಹುದು. ಡಿಸ್ಟಿಂಕ್ಷನ್ ಬಂದ ಹನ್ನೆರಡೂ ಮಕ್ಕಳು ಸ್ಕೂಲಿಗೆ ಫಸ್ಟಾ? ಅಲ್ವಲ್ಲ. ಇಂತಿಷ್ಟು ಮಾರ್ಕ್ಸ್ ದಾಟಿದ್ರೆ ಇಂತಾ ದರ್ಜೆ, ಅಷ್ಟೇ. ಲಂಡನ್ನಿನ ಡಿಕ್ಯಾಂಟರ್ ಸ್ಪರ್ಧೆ ತಗೊಳಿ, 100ಕ್ಕೆ 86ರಿಂದ 89 ಬಂದ್ರೆ ಕಂಚು, 90ರಿಂದ 94 ಬೆಳ್ಳಿ, 95-96 ಚಿನ್ನ, 97ರ ಮೇಲೆ ಪ್ಲಾಟಿನಂ. 1969ರಿಂದ ನಡೀತಿರೋ ಐಡಬ್ಲ್ಯೂಎಸ್‌ಸಿ ಅನ್ನೋ ಇನ್ನೊಂದಿದೆ, ಅದರಲ್ಲಿ ಕಂಚು 85ಕ್ಕೇ ಶುರು, ಚಿನ್ನ 95ರಿಂದ. ಅಂದ್ರೆ ನಿಮ್ಮ ವೈನು ಪಕ್ಕದವರ ವೈನಿನ ಜೊತೆ ಓಡ್ತಾ ಇಲ್ಲ, ಆ ಗೆರೆ ದಾಟುತ್ತಾ ಇಲ್ವಾ ಅಂತ ಮಾತ್ರ ನೋಡ್ತಾರೆ. ಹತ್ತು ವೈನು ದಾಟಿದ್ರೆ ಹತ್ತಕ್ಕೂ ಚಿನ್ನ. ಯಾವುದೂ ದಾಟಲಿಲ್ಲ ಅಂದ್ರೆ ಆ ವಿಭಾಗದಲ್ಲಿ ಚಿನ್ನಾನೇ ಇಲ್ಲ, ಅವತ್ತು ಬಂದಿದ್ರಲ್ಲೆಲ್ಲ ನಿಮ್ಮದೇ ಚೆನ್ನಾಗಿದ್ರೂ ಕಂಚು ತಗೊಂಡು ಮನೆಗೆ ಬರ್ತೀರ. ಕ್ಲಾಸಿಗೇ ಫಸ್ಟ್ ಬಂದು ಸೆಕೆಂಡ್ ಕ್ಲಾಸಲ್ಲಿ ಪಾಸಾದ ಹುಡುಗರು ನಮ್ಮೂರ ಸ್ಕೂಲಲ್ಲೇ ಇದ್ರು.

ಇದನ್ನೆಲ್ಲ ಗೌಡ್ರ ಕಿವೀಲಿ ಪಿಸುಗುಟ್ಟಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು ಒಂದು ಒಳ್ಳೆ ಪ್ರಶ್ನೆ ಹಾಕಿದ್ರು, ಓನರ್‌ಗಳು ಇವತ್ತಿನವರೆಗೂ ಕೇಳದೆ ಇರೋದು: "ಇಡೀ ಕ್ಲಾಸೇ ಡಿಸ್ಟಿಂಕ್ಷನ್ ಬಂದ್ಬುಟ್ರೆ?" ಕೆಲವು ಸ್ಪರ್ಧೆಗಳಲ್ಲಿ ಅದಕ್ಕೂ ಲಗಾಮು ಇದೆ. ಓಐವಿ ಅಂತ ದ್ರಾಕ್ಷಿ ಮತ್ತೆ ವೈನಿನ ಅಂತರರಾಷ್ಟ್ರೀಯ ಸಂಸ್ಥೆ, ಅವರ ಪೋಷಣೇಲಿ ನಡೆಯೋ ಸ್ಪರ್ಧೆಗಳಲ್ಲಿ ಬಂದ ಸ್ಯಾಂಪಲ್‌ಗಳಲ್ಲಿ 30%ಗಿಂತ ಜಾಸ್ತಿಗೆ ಮೆಡಲ್ ಕೊಡೋ ಹಾಗಿಲ್ಲ. ಅಲ್ಲಿ ಮಾತ್ರ ಗೆರೆ ಸ್ವಲ್ಪ ಮೇಲೆ ಕೆಳಗೆ ಆಗುತ್ತೆ, ಪಕ್ಕದವರ ಮಾರ್ಕ್ಸೂ ನಿಮಗೆ ತಾಗುತ್ತೆ. ಅದಕ್ಕೇ ಯಾವ ಸ್ಪರ್ಧೆ, ಅದರ ರೂಲ್ಸ್ ಏನು ಅಂತ ಓದ್ಕೊಳ್ದೆ ನಾನು ಯಾರಿಗೂ ಖಚಿತವಾಗಿ ಹೇಳಕ್ಕೆ ಹೋಗಲ್ಲ, ನೀವೂ ಹೋಗ್ಬೇಡಿ. ಸ್ಯಾನ್‌ಫ್ರಾನ್ಸಿಸ್ಕೋದ ಸ್ಪಿರಿಟ್ಸ್ ಸ್ಪರ್ಧೆಯಲ್ಲಿ ಡಬಲ್ ಗೋಲ್ಡ್ ಅಂತ ಇದೆ, ಟೇಬಲ್ ಮೇಲಿರೋ ಜಡ್ಜ್‌ಗಳೆಲ್ಲ ಒಬ್ಬರೂ ಬಿಡದೆ ಗೋಲ್ಡ್ ಅಂದ್ರೆ ಡಬಲ್ಲು. ಅದನ್ನ ಎರಡು ಚಿನ್ನದ ಮೆಡಲ್ ಅಂತ ಪೇಪರಲ್ಲಿ ಬರೆದಿದ್ದು ನಾನೇ ನೋಡಿದೀನಿ.

ಮಾರ್ಕ್ಸ್ ಹೆಂಗೆ ಹಾಕ್ತಾರೆ ಅಂತ ಗೌಡ್ರಿಗೆ ಟಿಶ್ಯೂ ಪೇಪರ್ ಮೇಲೆ ಬರೆದು ತೋರಿಸಿದೆ. ಓಐವಿ ಶೀಟಿನ ಪ್ರಕಾರ ಗುಳ್ಳೆ ಏಳದ ಮಾಮೂಲಿ ವೈನಿಗೆ ಕಣ್ಣಿಗೆ 15, ಮೂಗಿಗೆ 30, ಬಾಯಿಗೆ 44, ಒಟ್ಟಾರೆ ಅಭಿಪ್ರಾಯಕ್ಕೆ 11. ಬಾಟಲಿಗೆ ಚೀಲ ತೊಡಿಸಿ ನಂಬರ್ ಹಾಕಿರ್ತಾರೆ, ಯಾರದ್ದು ಅಂತ ಗೊತ್ತಾಗಲ್ಲ. ನಾನೂ ಆಗಾಗ ಆ ಟೇಬಲಲ್ಲಿ ಕೂತಿದೀನಿ, ಬೆಳಗ್ಗೆ ಹೊತ್ತೇ ಕೂರಿಸ್ತಾರೆ ಯಾಕಂದ್ರೆ ಆಗ ನಾಲಿಗೆ ಮೂಗು ಎರಡೂ ದಣಿದಿರಲ್ಲ. ಕುಡಿಯಲ್ಲ, ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗೀತೀವಿ, ಅಮ್ಮನಿಗೆ ಇದನ್ನ ಹೇಳಿದ್ರೆ ಅದಕ್ಕೆ ಬೇರೆ ಬೈತಾರೆ, ದುಡ್ಡು ಕೊಟ್ಟು ಮಾಡಿದ್ದನ್ನ ಉಗೀತೀರಾ ಅಂತ.

ಈ ಫಸ್ಟು ಸೆಕೆಂಡು ಹುಚ್ಚು ಎಲ್ಲಿಂದ ಬಂತು ಅಂದ್ರೆ ಅದಕ್ಕೆ ಪ್ಯಾರಿಸ್ಸೂ ಒಂದು ಕಾರಣ ಅನ್ಸುತ್ತೆ. 1976ರ ಮೇ 24ಕ್ಕೆ ಸ್ಟೀವನ್ ಸ್ಪರಿಯರ್ ಅನ್ನೋ ಇಂಗ್ಲಿಷ್ ವೈನ್ ವ್ಯಾಪಾರಿ ಫ್ರಾನ್ಸಿನ ಘಟಾನುಘಟಿಗಳನ್ನ ಕೂರಿಸಿ ಫ್ರೆಂಚ್ ವೈನು, ಕ್ಯಾಲಿಫೋರ್ನಿಯಾ ವೈನು ಎರಡನ್ನೂ ಮುಚ್ಚಿಟ್ಟು ಕುಡಿಸಿದ್ರು, 20ಕ್ಕೆ ಮಾರ್ಕ್ಸು. ರೆಡ್‌ನಲ್ಲೂ ವೈಟ್‌ನಲ್ಲೂ ಕ್ಯಾಲಿಫೋರ್ನಿಯಾದ್ದೇ ಮೇಲೆ ಬಂತು. ಅಲ್ಲಿ ನಿಜವಾಗ್ಲೂ ರ‍್ಯಾಂಕ್ ಇತ್ತು, ಆದ್ರೆ ರೆಡ್‌ನಲ್ಲಿ ಮೊದಲನೇದಕ್ಕೂ ಎರಡನೇದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಆ ಕಥೆ ಎಷ್ಟು ಚೆನ್ನಾಗಿದೆ ಅಂದ್ರೆ ಎಲ್ಲಾ ಸ್ಪರ್ಧೇನೂ ಹಂಗೇ ಅಂತ ಜನ ಅಂದ್ಕೊಂಡ್ಬಿಟ್ರು.

ಜಡ್ಜ್‌ಗಳೇನು ದೇವರಲ್ಲ, ಅದನ್ನೂ ಹೇಳ್ಬಿಡ್ತೀನಿ. ರಾಬರ್ಟ್ ಹಾಡ್ಜ್‌ಸನ್ ಅಂತ ಒಬ್ಬ ಪ್ರೊಫೆಸರ್ರು, ಕ್ಯಾಲಿಫೋರ್ನಿಯಾದಲ್ಲಿ ಸಣ್ಣದೊಂದು ವೈನರಿ ಇಟ್ಕೊಂಡಿದ್ರು. ತಮ್ಮದೇ ವೈನು ಒಂದು ಕಡೆ ಗೋಲ್ಡ್ ತಗೊಂಡು ಇನ್ನೊಂದು ಕಡೆ ಏನೂ ಇಲ್ದೆ ಬರೋದನ್ನ ನೋಡಿ ತಲೆಕೆಟ್ಟು, ಅಲ್ಲಿನ ಸ್ಟೇಟ್ ಫೇರ್ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನ ಒಂದೇ ಸಾಲಲ್ಲಿ ಮೂರು ಸಲ ಬೇರೆ ಬೇರೆ ನಂಬರ್ ಹಾಕಿ ಜಡ್ಜ್‌ಗಳಿಗೆ ಕೊಡಿಸಿದ್ರು. ಮೂರಕ್ಕೂ ಒಂದೇ ದರ್ಜೆ ಕೊಟ್ಟವರು ಸುಮಾರು 10% ಜನ. 2008ರಲ್ಲಿ ಅದು ಪ್ರಕಟ ಆಯ್ತು. ಮುಂದಿನ ವರ್ಷ ಇನ್ನೊಂದು ಲೆಕ್ಕ ಹಾಕಿದ್ರು: ಮೂರಕ್ಕಿಂತ ಜಾಸ್ತಿ ಸ್ಪರ್ಧೆಗೆ ಹೋಗಿದ್ದ 2440 ವೈನುಗಳಲ್ಲಿ 47%ಗೆ ಎಲ್ಲಾದ್ರೂ ಒಂದ್ ಕಡೆ ಗೋಲ್ಡ್ ಬಂದಿದೆ, ಆದ್ರೆ ಅದೇ ಗೋಲ್ಡ್ ಬಂದ ವೈನುಗಳಲ್ಲಿ 84%ಗೆ ಬೇರೆ ಇನ್ನೊಂದು ಕಡೆ ಏನೂ ಬಂದಿಲ್ಲ. ಈ ಲೆಕ್ಕ ಓದಿದ್ಮೇಲೂ ನಾನು ಜಡ್ಜ್ ಆಗಿ ಕೂರ್ತೀನಿ, ಯಾಕಂದ್ರೆ ನಾಲ್ಕೈದು ಜನ ಕೂತು ಚರ್ಚೆ ಮಾಡಿದಾಗ ಕೆಟ್ಟಿರೋ ವೈನು ತಪ್ಪಿಸ್ಕೊಳ್ಳೋದು ಕಡಿಮೆ, ಅದಂತೂ ಕಣ್ಣಾರೆ ನೋಡಿದೀನಿ. ಆದ್ರೆ 94 ಬಂದಿದ್ದಕ್ಕೂ 95 ಬಂದಿದ್ದಕ್ಕೂ ನಡುವೆ ಕಂದಕ ಇದೆ ಅಂತ ಯಾರಾದ್ರೂ ಹೇಳಿದ್ರೆ ನಗು ಬರುತ್ತೆ.

ನಗು ಬರದೇ ಇರೋ ವಿಷಯ ಮುಂದಿಂದು. ಆರು ಗೋಲ್ಡ್‌ನಲ್ಲಿ ನಾಲ್ಕು ಕ್ಯಾಬರ್ನೆ ಸೋವಿನ್ಯೋ ಅನ್ನೋ ಬೇರೆ ದ್ರಾಕ್ಷಿ ತಳಿಯ ವೈನು. ಗೌಡ್ರು ಅದನ್ನೂ ಎಣಿಸಿದ್ರು. ಕೇಸರಿಬಾತ್ ತಿಂತಾ ತಿಂತಾ ಮೆಲ್ಲಗೆ, "ಮೇಡಂ, ಶಿರಾಜ್ ಕಿತ್ತಾಕಿ ಅದನ್ನೇ ಆಕೋಣ್ವಾ?" ಅಂದ್ರು. ನನ್ ಕೈಲಿದ್ದ ಕಾಫಿ ಚೆಲ್ಲೋದು ಬಾಕಿ. ಬೋರು 1400 ಅಡಿಗೆ ಹೋಗಿರೋ ತೋಟ, ಬಳ್ಳಿ ಕೂರಿಸಿ ಸರಿಯಾದ ಬೆಳೆ ನೋಡಕ್ಕೆ ಮೂರು ವರ್ಷ, ಅಷ್ಟರವರೆಗೆ ತಂತಿ, ಕಲ್ಲುಕಂಬ, ಡ್ರಿಪ್ಪು, ಬಡ್ಡಿ. ಏಳನೇ ನಂಬರ್ ಅಂತ ತಪ್ಪು ಲೆಕ್ಕ ಹಾಕಿ ಚೆನ್ನಾಗಿರೋ ತೋಟ ಕಿತ್ತವರು ನನಗೆ ಗೊತ್ತಿರೋರಲ್ಲೇ ಇಬ್ಬರಿದ್ದಾರೆ. ಅದರಲ್ಲಿ ಒಬ್ಬರು ಈಗ ವಾಪಸ್ ಚಪ್ಪರ ಹಾಕಿ ಬೆಂಗಳೂರು ಬ್ಲೂಗೆ ಬಂದಿದ್ದಾರೆ, ವರ್ಷಕ್ಕೆ ಎರಡು ಬೆಳೆ ಬರುತ್ತೆ, ಜ್ಯೂಸಿನವರೂ ತಗೋತಾರೆ, ಮಾರ್ಕೆಟ್ಟಿಗೂ ಹೋಗುತ್ತೆ ಅಂತ. ತಪ್ಪೇನಿಲ್ಲ, 2013ರಲ್ಲಿ ಜಿಐ ಟ್ಯಾಗ್ ಬಂದಿರೋ ನಮ್ಮ ಭಾಗದ ಹಣ್ಣು ಅದು. ಅದು ಇಸಾಬೆಲಾ ಅನ್ನೋ ತಳಿ, 1934ರಲ್ಲಿ ಫ್ರಾನ್ಸ್ ಅದನ್ನ ವೈನಿಗೇ ಬೇಡ ಅಂತ ನಿಷೇಧ ಮಾಡಿತ್ತು, ಅಂಥ ಹಣ್ಣಿಂದ ಯುರೋಪಿನವರ ಸ್ಪರ್ಧೇಲಿ ಚಿನ್ನ ಕೇಳ್ಬೇಡಿ ಅಂತ ಮಾತ್ರ ಹೇಳ್ತೀನಿ.

ಗೌಡ್ರಿಗೆ ಅವರದೇ ಭಾಷೇಲಿ ಹೇಳಿದೆ. ರೇಷ್ಮೆ ಗೂಡು ಮಾರ್ಕೆಟ್ಟಿಗೆ ನೀವು ಲಾಟ್ ಹಾಕ್ತೀರ, ಅವತ್ತಿನ ಆ ಲಾಟಿಗೆ ಒಂದು ರೇಟು. ನಾಳೆ ಇನ್ನೊಬ್ಬರ ಲಾಟಿಗೆ ಜಾಸ್ತಿ ಬಂತು ಅಂತ ಮನೆಗೆ ಬಂದು ಹಿಪ್ಪುನೇರಳೆ ಕಿತ್ತಾಕ್ತೀರಾ? "ಇಲ್ಲ ಬುಡಿ" ಅಂದ್ರು. ಮೆಡಲ್ಲೂ ಅಷ್ಟೇ, ಆ ವರ್ಷದ ಆ ಲಾಟಿಗೆ.

ಅಷ್ಟೊತ್ತಿಗೆ ಬಟ್ಟೆ ತೆಗೆದು ಬಾಟಲಿ ಬಿಚ್ಚಿದ್ರು, ಎಲ್ಲರೂ ರುಚಿ ನೋಡಿ ಅಂತ. ಆಯೋಜಕರಿಗೆ ಒಂದು ಮಾತು, ಪ್ರೀತಿಯಿಂದಲೇ: ತಿಂಡಿಗೆ ಹಸಿಮೆಣಸಿನಕಾಯಿ ಗಟ್ಟಿ ಚಟ್ನಿ ಇಟ್ಟು ಆಮೇಲೆ ಕ್ಯಾಬರ್ನೆ ಕೊಡಬೇಡಿ ಸ್ವಾಮಿ. ಖಾರದ ಮೇಲೆ ಒಗರು ಬಿದ್ರೆ ಬಾಯಿ ಉರಿಯುತ್ತೆ, ಅದರ ಮೇಲೆ ಫಿಲ್ಟರ್ ಕಾಫಿ ಬೇರೆ. ಗೌಡ್ರು ಗೋಲ್ಡ್ ಬಂದಿದ್ದನ್ನ ಒಂದು ಗುಟುಕು ಬಾಯಿಗೆ ಹಾಕ್ಕೊಂಡು ಕಣ್ಣು ಮುಚ್ಚಿ ತೆಗೆದು, "ಕಾಚು ನೆಕ್ಕಿದಂಗೈತೆ" ಅಂದ್ರು. ಪಕ್ಕದಲ್ಲಿದ್ದ ಆ ವೈನರಿ ಮ್ಯಾನೇಜರ್ ಮುಖ ನೋಡೋ ಹಾಗಿರ್ಲಿಲ್ಲ. ಎರಡು ಇಡ್ಲಿ ಸಪ್ಪೆ ತಿನ್ನಿಸಿ, ನೀರು ಕುಡಿಸಿ, ಕಾಲು ಗಂಟೆ ಬಿಟ್ಟು ತಮ್ಮದೇ ಶಿರಾಜ್ ಕೊಟ್ಟೆ. ಗ್ಲಾಸು ಮೂಗಿಗೆ ಹಿಡ್ಕೊಂಡು ತುಂಬಾ ಹೊತ್ತು ನಿಂತಿದ್ರು. "ಮಾರ್ಚಲ್ಲಿ ಕೊಯ್ವಾಗ ಗಾಡೀಲಿ ಬರ್ತಿತ್ತಲ್ಲ ಮೇಡಂ, ಅದೇ ವಾಸ್ನೆ" ಅಂದ್ರು. ಇಪ್ಪತ್ತು ವರ್ಷದಲ್ಲಿ ನಾನು ಮೂಗಿನ 30 ಮಾರ್ಕ್ಸಿಗೆ ಬರೆದಿರೋ ಯಾವ ಟಿಪ್ಪಣೀನೂ ಅಷ್ಟು ಚೆನ್ನಾಗಿಲ್ಲ.

ವಾಪಸ್ ಬರ್ತಾ ದಾರೀಲಿ ಊರಲ್ಲಿ ಒಂದು ಫ್ಲೆಕ್ಸ್ ಹಾಕಿಸ್ಲಾ ಅಂತ ಕೇಳಿದ್ರು. ಹೆಂಡದ ಜಾಹೀರಾತು ಆಗೋ ಹಾಗೆ ಬ್ರ್ಯಾಂಡ್ ಹೆಸರು, ಬಾಟಲಿ, ಗ್ಲಾಸು ಏನೂ ಹಾಕ್ಬೇಡಿ, ತೊಂದರೆ ಆಗುತ್ತೆ, ಬರೀ ದ್ರಾಕ್ಷಿ ಬೆಳೆದವರಿಗೆ ಅಭಿನಂದನೆ ಅಂತಿರ್ಲಿ, ಅದಕ್ಕೂ ಮುಂಚೆ ತಿಳಿದವರನ್ನ ಒಂದ್ಸಲ ಕೇಳಿ ಅಂದೆ. ವೈನರಿಯವರಿಗೂ ಇದೇ ಹೇಳೋದು, ಮೆಡಲ್ ಸ್ಟಿಕ್ಕರ್ ತರಿಸ್ಕೊಂಡು ಬಾಟಲಿಗೆ ಅಂಟಿಸೋ ಮುಂಚೆ ಲೇಬಲ್ ಬಗ್ಗೆ ಅಬಕಾರಿಯವರ ಹತ್ರ ಕೇಳ್ಕೊಳಿ, ಆಮೇಲೆ ನನಗೆ ಫೋನ್ ಮಾಡಿ ಅಳಬೇಡಿ.

ಮುಂದಿನ ವಾರ ಆ ಕಡೆ ಹೋದಾಗ ಊರ ಬಾಗಿಲಲ್ಲೇ ಫ್ಲೆಕ್ಸು, ನನ್ನ ಫೋಟೋನೂ ಮೂಲೇಲಿ ಇತ್ತು, ಎಲ್ಲಿಂದ ಹುಡುಕಿದ್ರೋ, ಮದುವೇಲಿ ತೆಗೆದಿದ್ದು. ಗೌಡ್ರು ಕಾರಿನ ಕಿಟಕಿ ಹತ್ರ ಬಂದು, "ನೋಡ್ಕಳಿ ಮೇಡಂ, ಪ್ರಥಮ ದರ್ಜೆ ಅಂತ ಆಕ್ಸಿವ್ನಿ, ಪ್ರಥಮ ಸ್ಥಾನ ಅಂತ ಆಕ್ಸಿಲ್ಲ" ಅಂದ್ರು. ಬೆಳ್ಳಿ ಅಂದ್ರೆ ಫಸ್ಟ್ ಕ್ಲಾಸು, ಲೆಕ್ಕ ಸರಿ. ಕೆಳಗೆ ದೊಡ್ಡದಾಗಿ ಒಂದು ಗೊಂಚಲಿನ ಚಿತ್ರ. ಶಿರಾಜ್ ಕಡುಗಪ್ಪು ದ್ರಾಕ್ಷಿ, ಫ್ಲೆಕ್ಸ್ ಅಂಗಡಿ ಹುಡುಗ ಹಸಿರು ಥಾಮ್ಸನ್ ಹಾಕ್ಬಿಟ್ಟಿದ್ದ.